ಎದ್ದು ಹೋದವರ ಪಾಲು

ಸಂಘ ಎಂದ ಮೇಲೆ ಜಗಳ ಇದ್ದದ್ದೇ. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆ ಭಾತೋ ಪುಳಿಯೋಗರೆಯೋ ಎಂಬಲ್ಲಿ ಹೊತ್ತಿಕೊಂಡದ್ದು ಮುಂದಿನ ಚುನಾವಣೆಯವರೆಗೂ ಉರಿಯುವುದನ್ನು, ಒಂದೇ ಊರಿನಲ್ಲಿ ಒಂದು ಕನ್ನಡ ಸಂಘ ಎರಡಾಗುವುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಬಳವಿಲ್ಲದೆ ದುಡಿಯುವವರ ಜಗಳಕ್ಕೆ ಒಂದು ವಿಶೇಷವಿದೆ. ಅಲ್ಲಿ ಯಾರಿಗೂ ಸಂಬಳ ನಿಲ್ಲಿಸುತ್ತೇನೆಂದು ಹೆದರಿಸುವಂತಿಲ್ಲ, ಯಾರನ್ನೂ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಬೇಸರವಾದವರು ಎದ್ದು ಹೋಗುತ್ತಾರೆ. ಹೋದವರ ಬಗ್ಗೆ ಉಳಿದವರು ಏನೇನು ಆಡಿಕೊಳ್ಳುತ್ತಾರೆಂಬುದೂ ನಮಗೆಲ್ಲ ಗೊತ್ತಿರುವುದೇ. ಹಾಗೆ ಎದ್ದು ಹೋದ ಒಂದು ಗುಂಪಿನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳಬೇಕೆಂದಿದ್ದೇವೆ. ಅವರು ಕನ್ನಡದವರಲ್ಲ, ಸ್ಪ್ಯಾನಿಷ್ ಭಾಷೆಯವರು. ಕಾಲ 2002. ಜಗಳ ನಡೆದದ್ದು ನಮ್ಮ ಮಕ್ಕಳು ಶಾಲೆಯ ಹೋಂವರ್ಕಿಗಾಗಿ ತಡಕಾಡುವ ವಿಕಿಪೀಡಿಯಾದಲ್ಲಿ.

ವಿಕಿಪೀಡಿಯಾಕ್ಕೆ ಮುಂಚೆ ನ್ಯೂಪೀಡಿಯಾ ಎಂಬುದೊಂದಿತ್ತು. ಅಮೆರಿಕದ ಬೋಮಿಸ್ ಎಂಬ ಸಣ್ಣ ಇಂಟರ್‌ನೆಟ್ ಕಂಪನಿ 2000ದ ಮಾರ್ಚಿಯಲ್ಲಿ ಅದನ್ನು ಆರಂಭಿಸಿತು. ಕಂಪನಿಯ ಒಡೆಯರಲ್ಲಿ ಒಬ್ಬರು ಜಿಮ್ಮಿ ವೇಲ್ಸ್. ಸಂಪಾದಕರಾಗಿ ಸಂಬಳದ ಮೇಲೆ ಬಂದವರು ತತ್ತ್ವಶಾಸ್ತ್ರ ಓದಿದ್ದ ಲ್ಯಾರಿ ಸ್ಯಾಂಗರ್. ವಿದ್ವಾಂಸರು ಪುಕ್ಕಟೆಯಾಗಿ ಬರೆಯಬೇಕು, ಇತರ ವಿದ್ವಾಂಸರು ಅದನ್ನು ಪರಿಶೀಲಿಸಬೇಕು, ಒಟ್ಟು ಏಳು ಹಂತಗಳನ್ನು ದಾಟಿದ ಲೇಖನ ಮಾತ್ರ ಪ್ರಕಟವಾಗಬೇಕು ಎಂಬುದು ಏರ್ಪಾಡು. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅಲೆದವರು ಇದರ ಫಲವನ್ನು ಸುಲಭವಾಗಿ ಊಹಿಸಬಹುದು. 2003ರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ನ್ಯೂಪೀಡಿಯಾದಲ್ಲಿ ಪೂರ್ತಿಯಾಗಿದ್ದ ಲೇಖನಗಳು ಇಪ್ಪತ್ತೈದರ ಆಸುಪಾಸು.

ಈ ನಿಧಾನಕ್ಕೆ ಮದ್ದಾಗಿ ಬಂದದ್ದು 'ವಿಕಿ'. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ರಚಿಸಿದ್ದ ವ್ಯವಸ್ಥೆ ಅದು. ಪುಟವನ್ನು ಓದುವವನು ಅಲ್ಲೇ ಕುಳಿತು ಅದನ್ನು ತಿದ್ದಲೂಬಹುದು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನೇ ಅವರು ಎತ್ತಿಕೊಂಡಿದ್ದರು. 2001ರ ಜನವರಿ 15ರಂದು ವಿಕಿಪೀಡಿಯಾ ಶುರುವಾಯಿತು. ವರ್ಷ ಮುಗಿಯುವಷ್ಟರಲ್ಲಿ ಸುಮಾರು 20 ಸಾವಿರ ಲೇಖನಗಳಾಗಿದ್ದವು. ಬರೆದವರು ಯಾರ್ಯಾರೋ: ವಿದ್ಯಾರ್ಥಿಗಳು, ಪ್ರೋಗ್ರಾಮರುಗಳು, ರಾತ್ರಿ ನಿದ್ದೆ ಬಾರದವರು. ಇಂಗ್ಲಿಷ್ ಒಂದೇ ಸಾಲದೆಂದು ಬೇರೆ ಬೇರೆ ಭಾಷೆಗಳೂ ಸೇರಿದವು. 2001ರ ಮೇ ತಿಂಗಳಲ್ಲಿ ಸ್ಪ್ಯಾನಿಷ್ ವಿಕಿಪೀಡಿಯಾ ಬಂತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ವಿಕಿಪೀಡಿಯಾದ ಬರಹವೆಲ್ಲ ಒಂದು ಮುಕ್ತ ಪರವಾನಗಿಯ ಅಡಿಯಲ್ಲಿ ಪ್ರಕಟವಾಗುತ್ತಿತ್ತು. ಯಾರು ಬೇಕಾದರೂ ಅದನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಬರೆದವರನ್ನು ನೆನೆಯಬೇಕು, ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಹಾಗೆಯೇ ದಾಟಿಸಬೇಕು, ಅಷ್ಟೇ ಷರತ್ತು. ಕಂಪ್ಯೂಟರು ಬೋಮಿಸ್ ಕಂಪನಿಯದು, ಹೆಸರೂ ಅದರದೇ. ಬರಹ ಮಾತ್ರ ಯಾರೊಬ್ಬರ ಮುಷ್ಟಿಯೊಳಗೂ ಇರಲಿಲ್ಲ. ನಮ್ಮಲ್ಲಿ ಅವಿಭಕ್ತ ಕುಟುಂಬ ಒಡೆದಾಗ ಪಾತ್ರೆ ಪಡಗವನ್ನೂ ಎಣಿಸಿ ಹಂಚಿಕೊಳ್ಳಬೇಕಾಗುತ್ತದೆ. ಇಲ್ಲಿ ಎಣಿಸುವ ತೊಂದರೆಯೇ ಇಲ್ಲ. ಹೊರಟವನು ಇಡೀ ಮನೆಯನ್ನು ಎತ್ತಿಕೊಂಡು ಹೋದರೂ ಉಳಿದವನ ಮನೆ ಇದ್ದ ಹಾಗೇ ಇರುತ್ತದೆ.

2002ರ ಆರಂಭಕ್ಕೆ ಅಮೆರಿಕದ ಇಂಟರ್‌ನೆಟ್ ಕಂಪನಿಗಳ ಭರಾಟೆ ಇಳಿದಿತ್ತು. ಬೋಮಿಸ್‌ಗೆ ಸ್ಯಾಂಗರ್ ಅವರ ಸಂಬಳ ಕೊಡುವುದು ಕಷ್ಟವಾಯಿತು. ಆ ಫೆಬ್ರವರಿಯಲ್ಲಿ ಅವರು ತಮ್ಮ ಪರಿಸ್ಥಿತಿಯನ್ನು ಸ್ವಯಂಸೇವಕರಿಗೆ ವಿವರಿಸಿ ಬರೆಯುತ್ತಾ, ಮುಂದೆ ವಿಕಿಪೀಡಿಯಾದಲ್ಲಿ ಜಾಹೀರಾತುಗಳು ಬರಬಹುದು, ಆ ಹಣ ಬಂದರೆ ತಾವು ಮತ್ತೆ ಕೆಲಸಕ್ಕೆ ಮರಳಬಹುದು ಎಂಬರ್ಥದ ಮಾತು ಹೇಳಿದರು. ಪಾಪ, ಕೆಲಸ ಕಳೆದುಕೊಂಡವರ ಮಾತು. ಅದರಲ್ಲಿ ಕಪಟವಿದ್ದಂತೆ ನಮಗೇನೂ ಕಾಣುವುದಿಲ್ಲ. ಆದರೆ ಸ್ಪ್ಯಾನಿಷ್ ಗುಂಪಿಗೆ ಅದು ಸಿಡಿಲಿನಂತೆ ಬಡಿಯಿತು. ಎಡ್ಗರ್ ಎನ್ಯೆಡಿ ಎಂಬವರು ಮುಂದೆ ನಿಂತು ಪ್ರತಿಭಟಿಸಿದರು. ತಾವು ಪುಕ್ಕಟೆ ಬರೆದದ್ದರ ಮೇಲೆ ಇನ್ನೊಬ್ಬರು ಹಣ ಮಾಡುವುದೇ ಎಂಬುದು ಅವರ ಪ್ರಶ್ನೆ.

ಜಾಹೀರಾತೊಂದೇ ಕಾರಣವೆಂದು ತಿಳಿದರೆ ತಪ್ಪಾಗುತ್ತದೆ. ಒಳಗೆ ಬೇರೆ ಹೊಗೆಯೂ ಇತ್ತು. ವಿಕಿಪೀಡಿಯಾದ ವಿಳಾಸ ಆಗ 'ಡಾಟ್ ಕಾಮ್' ಎಂದು ಮುಗಿಯುತ್ತಿತ್ತು, ಅಂದರೆ ವ್ಯಾಪಾರಿ ಸಂಸ್ಥೆಯ ಗುರುತು. ಸಾರ್ವಜನಿಕ ಕೆಲಸಕ್ಕೆ 'ಡಾಟ್ ಆರ್ಗ್' ಬೇಕೆಂದು ಅವರು ಕೇಳಿದ್ದರು. ಸ್ಪ್ಯಾನಿಷ್ ಪುಟಗಳಲ್ಲೂ ಇಂಗ್ಲಿಷ್ ಸೂಚನೆಗಳು ಉಳಿದುಕೊಂಡಿದ್ದವು. ತೀರ್ಮಾನಗಳೆಲ್ಲ ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ ಆಗುತ್ತವೆ, ತಮ್ಮದು ಬರೀ ಅನುವಾದಕರ ಪಾಡು ಎಂಬ ಕೊರಗಿತ್ತು. ಕೇಂದ್ರ ಸಮಿತಿಗೂ ದೂರದ ಊರಿನ ಶಾಖೆಗೂ ನಡುವೆ ಇರುವ ಮುನಿಸು ಯಾವ ದೇಶದಲ್ಲಾದರೂ ಒಂದೇ ರೀತಿ ಎಂದು ನಮಗನ್ನಿಸುತ್ತದೆ.

ವೇಲ್ಸ್ ಸಮಾಧಾನ ಹೇಳಲು ಪ್ರಯತ್ನಿಸಿದರು. ಆದರೆ ನಂಬಿಕೆ ಹೋಗಿತ್ತು. ಫೆಬ್ರವರಿ ತಿಂಗಳು ಮುಗಿಯುವ ಮೊದಲೇ ಸ್ಪ್ಯಾನಿಷ್ ವಿಕಿಪೀಡಿಯಾದಲ್ಲಿ ಸಕ್ರಿಯರಾಗಿದ್ದವರಲ್ಲಿ ಬಹುಪಾಲು ಮಂದಿ ಬರಹವನ್ನೆಲ್ಲ ಕಟ್ಟಿಕೊಂಡು ಹೊರಟರು. ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯ ತನ್ನ ಕಂಪ್ಯೂಟರಿನಲ್ಲಿ ಅವರಿಗೆ ಜಾಗ ಕೊಟ್ಟಿತು. ಹೊಸ ಮನೆಯ ಹೆಸರು 'ಎನ್ಸಿಕ್ಲೋಪೀಡಿಯಾ ಲಿಬ್ರೆ', ಮುಕ್ತ ವಿಶ್ವಕೋಶ. ಮಾರ್ಚ್ 1ರಂದು ಸ್ಯಾಂಗರ್ ಕೂಡ ವಿಕಿಪೀಡಿಯಾಕ್ಕೆ ರಾಜೀನಾಮೆ ಕೊಟ್ಟರು. ಯಾರ ಸಂಬಳದ ಮಾತಿನಿಂದ ಜಗಳ ಹುಟ್ಟಿತೋ ಅವರೇ ಇಲ್ಲವಾದರು. ಜಗಳಗಳಿಗೆ ಇಂಥ ವ್ಯಂಗ್ಯ ಹೊಸದಲ್ಲ.

ಮುಂದೆ ಏನಾಯಿತು? ಸ್ಪ್ಯಾನಿಷ್ ವಿಕಿಪೀಡಿಯಾ ಬಹಳ ಕಾಲ ಖಾಲಿ ಛತ್ರದಂತೆ ಬಿದ್ದಿತ್ತು. ಹೊಸ ಮನೆಯಲ್ಲಿ ಸಂಭ್ರಮ. ಇತ್ತ ವಿಕಿಪೀಡಿಯಾದಲ್ಲಿ ಜಾಹೀರಾತು ಹಾಕುವುದಿಲ್ಲವೆಂದು ವೇಲ್ಸ್ ಹೇಳಿದರು. 2002ರ ಆಗಸ್ಟ್‌ನಲ್ಲಿ ವಿಳಾಸ 'ಡಾಟ್ ಆರ್ಗ್' ಎಂದಾಯಿತು. 2003ರ ಜೂನ್ 20ರಂದು ಲಾಭದ ಉದ್ದೇಶವಿಲ್ಲದ ವಿಕಿಮೀಡಿಯಾ ಫೌಂಡೇಶನ್ ಸ್ಥಾಪನೆಯಾಗಿ, ಎಲ್ಲವೂ ಕಂಪನಿಯ ಕೈಯಿಂದ ಅದಕ್ಕೆ ದಾಟಿತು. ಅಂದರೆ ಎದ್ದು ಹೋದವರ ಮುಖ್ಯ ಬೇಡಿಕೆಗಳು ಒಂದೊಂದಾಗಿ ಈಡೇರಿದವು, ಅವರು ಹೋದ ಮೇಲೆ! ಅವರ ದೂರುಗಳು ತೀರಿದ ಹಾಗೆ ಹೊಸಬರು ಹಳೆಯ ಮನೆಗೇ ಬರತೊಡಗಿದರು. ಕೆಲವೇ ವರ್ಷಗಳಲ್ಲಿ ಸ್ಪ್ಯಾನಿಷ್ ವಿಕಿಪೀಡಿಯಾ ಬಹಳ ಮುಂದೆ ಹೋಯಿತು, 2013ರಲ್ಲಿ ಹತ್ತು ಲಕ್ಷ ಲೇಖನಗಳನ್ನು ದಾಟಿತು. ಎನ್ಸಿಕ್ಲೋಪೀಡಿಯಾ ಲಿಬ್ರೆ ಮೆಲ್ಲಗೆ ಮಂಕಾಯಿತು.

ಜಾಹೀರಾತು ಬಾರದಂತೆ ತಡೆದದ್ದು ತಮ್ಮ ಗುಂಪೇ ಎಂದು ಎನ್ಯೆಡಿ 2011ರ ಒಂದು ಸಂದರ್ಶನದಲ್ಲಿ ಹೇಳಿಕೊಂಡರು. ವೇಲ್ಸ್, ಸ್ಯಾಂಗರ್ ಇಬ್ಬರೂ ಆ ಮಾತನ್ನು ಹಾಗೆಯೇ ಒಪ್ಪಿದವರಲ್ಲ. ಮನಸ್ಸಿನೊಳಗಿದ್ದ ಉದ್ದೇಶವನ್ನು ಯಾರು ಅಳೆಯಬಲ್ಲರು? ಆದರೂ ತಾರೀಖುಗಳನ್ನು ಸಾಲಾಗಿಟ್ಟು ನೋಡಿದರೆ ಎದ್ದು ಹೋದವರ ಪಾಲು ಸಣ್ಣದಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ಭಾಷೆಯವರು ಹೀಗೆ ಹೋಗಬಲ್ಲರೆಂದು ಒಮ್ಮೆ ಕಂಡ ಮೇಲೆ, ಇನ್ನೊಂದು ಭಾಷೆಯವರನ್ನು ಯಾರೂ ಲಘುವಾಗಿ ಕಾಣಲಾರರು. ಇಂದಿಗೂ ವಿಕಿಪೀಡಿಯಾ ನಡೆಯುತ್ತಿರುವುದು ದೇಣಿಗೆಯಿಂದಲೇ.

ಇದೇ ದಾರಿಯಲ್ಲಿ ಇನ್ನೊಂದು ಗುಂಪು ಹೋಯಿತು. 2003ರಲ್ಲಿ ಇಬ್ಬರು ಮಾಂಟ್ರಿಯಲ್‌ನಲ್ಲಿ ಶುರುಮಾಡಿದ್ದ 'ವಿಕಿಟ್ರಾವೆಲ್' ಎಂಬ ಪ್ರವಾಸಿ ಕೈಪಿಡಿ 2006ರಲ್ಲಿ ಇಂಟರ್‌ನೆಟ್ ಬ್ರ್ಯಾಂಡ್ಸ್ ಎಂಬ ಕಂಪನಿಗೆ ಮಾರಾಟವಾಯಿತು. ಅದೇ ವರ್ಷ ಜರ್ಮನ್ ಸ್ವಯಂಸೇವಕರು ಬರಹವನ್ನು ಎತ್ತಿಕೊಂಡು 'ವಿಕಿವೊಯೇಜ್' ಮಾಡಿಕೊಂಡರು. 2012ರಲ್ಲಿ ಇಂಗ್ಲಿಷಿನವರೂ ಹೊರಟಾಗ ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಮೊಕದ್ದಮೆ ಹೂಡಿತು. ಪುಕ್ಕಟೆ ಕೆಲಸ ಮಾಡಿದವರ ಮೇಲೆ, ಇನ್ನು ಮಾಡುವುದಿಲ್ಲ ಎಂದದ್ದಕ್ಕೆ ಮೊಕದ್ದಮೆ! 2013ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಈ ಬಾರಿ ಎದ್ದು ಹೋದವರ ಮನೆಯೇ ನಿಂತಿತು. ವಿಕಿಮೀಡಿಯಾ ಫೌಂಡೇಶನ್ ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು.

ಎಲ್ಲ ಜಗಳಗಳೂ ಇಷ್ಟು ಘನವಾದವಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ನಮ್ಮ ಮೊಸರಿನ ಲೇಖನಕ್ಕೆ 'ಯೋಗರ್ಟ್' ಎಂದು ತಲೆಬರಹ ಕೊಡುವಾಗ ನಡುವೆ ಎಚ್ ಅಕ್ಷರ ಬೇಕೋ ಬೇಡವೋ ಎಂದು 2003ರಿಂದ 2011ರವರೆಗೆ ವಾದ ನಡೆಯಿತು. ಅಷ್ಟು ಹೊತ್ತಿಗೆ ಯಾವ ಮೊಸರೂ ಹುಳಿಯಾಗಿರುತ್ತದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುವುದು, ಅವನು ಮತ್ತೆ ಬರೆಯುವುದು. ಇದು ಅತಿಯಾದಾಗ 2004ರಲ್ಲಿ ನಿಯಮವೊಂದು ಬಂತು. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿಯನ್ನು ರದ್ದು ಮಾಡುವಂತಿಲ್ಲ. ಅದೇ ವರ್ಷ ಪಂಚಾಯ್ತಿಯಂಥ ಒಂದು ಸಮಿತಿಯೂ ಕೆಲಸ ಆರಂಭಿಸಿತು. ಬಾಲ್ಟಿಕ್ ಕಡಲತೀರದ ಒಂದು ಊರನ್ನು ಪೋಲಿಷರು ಗ್ಡಾನ್ಸ್ಕ್ ಎನ್ನುತ್ತಾರೆ, ಜರ್ಮನರು ಡಾನ್‌ಜಿಗ್ ಎನ್ನುತ್ತಾರೆ. ಯಾವ ಶತಮಾನಕ್ಕೆ ಯಾವ ಹೆಸರು ಎಂಬುದಕ್ಕೆ 2005ರಲ್ಲಿ ಮತದಾನವನ್ನೇ ನಡೆಸಬೇಕಾಯಿತು. 1308ರಿಂದ 1945ರವರೆಗಿನ ವಿಷಯಕ್ಕೆ ಡಾನ್‌ಜಿಗ್, ಉಳಿದ ಕಾಲಕ್ಕೆ ಗ್ಡಾನ್ಸ್ಕ್ ಎಂದು ತೀರ್ಮಾನವಾಯಿತು. ಬೆಳಗಾವಿಯ ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಇದು ವಿಚಿತ್ರವೆನಿಸಲಾರದು.

ಕಾಕತಾಳೀಯವೋ ಏನೋ, ನಮ್ಮ ಭಾಷೆಗಳ ಅಹವಾಲು ಲೋಕದ ಕಿವಿಗೆ ಬಿದ್ದದ್ದೂ ಅದೇ ಗ್ಡಾನ್ಸ್ಕ್ ಊರಿನಲ್ಲಿ, 2010ರ ಜುಲೈಯಲ್ಲಿ ನಡೆದ ವಿಕಿಪೀಡಿಯಾ ಸ್ವಯಂಸೇವಕರ ವಾರ್ಷಿಕ ಸಮ್ಮೇಳನದಲ್ಲಿ. ಆ ಹೊತ್ತಿಗೆ ಗೂಗಲ್ ಕಂಪನಿ ಇಂಗ್ಲಿಷ್ ಲೇಖನಗಳನ್ನು ಸಂಬಳದ ಅನುವಾದಕರಿಂದ, ಯಂತ್ರದ ನೆರವಿನೊಂದಿಗೆ, ಭಾರತದ ಭಾಷೆಗಳಿಗೆ ಮಾಡಿಸಿ ಆಯಾ ವಿಕಿಪೀಡಿಯಾಗಳಿಗೆ ಸೇರಿಸುತ್ತಿತ್ತು. ಲೇಖನಗಳು ಬಹಳ ಉದ್ದ, ಭಾಷೆ ಕಬ್ಬಿಣದ ಕಡಲೆ, ವಿಷಯಗಳು ಅಮೆರಿಕದ ಹಾಡುಗಾರರು, ಸಿನಿಮಾಗಳು. ಹೇಗೋ ಪುಕ್ಕಟೆ ಬಂತಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ತಪ್ಪು ತೋರಿಸಿದರೆ ಉತ್ತರ ಕೊಡಲು ಬರೆದವರು ಅಲ್ಲಿರುತ್ತಿರಲಿಲ್ಲ. ಲೇಖನ ಒಪ್ಪಿಸಿದರೆ ಅವರ ಕೆಲಸ ಮುಗಿಯಿತು. ಸ್ವಯಂಸೇವಕನಾದರೆ ಜಗಳಕ್ಕಾದರೂ ಸಿಗುತ್ತಾನೆ. ಬಂಗಾಳಿಯವರು ಈ ಲೇಖನಗಳು ಬೇಡವೆಂದರು. ತಮಿಳಿನವರು ಪಟ್ಟು ಹಿಡಿದು ಚರ್ಚಿಸಿದರು, ಗ್ಡಾನ್ಸ್ಕ್ ಸಮ್ಮೇಳನದಲ್ಲಿ ಇದರ ವಿಮರ್ಶೆಯನ್ನೇ ಮಂಡಿಸಿದರು. 2011ರಲ್ಲಿ ಯೋಜನೆ ನಿಂತಿತು.

ಕನ್ನಡಕ್ಕೂ ಆ ಲೇಖನಗಳು ಬಂದವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾದಲ್ಲಿ ನಿಯಮಿತವಾಗಿ ಕೆಲಸ ಮಾಡುವವರು ಅಂದಿಗೂ ಕೆಲವೇ ಮಂದಿ, ಇಂದಿಗೂ ಹೆಚ್ಚೇನಲ್ಲ. ಈಗ ಅಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ ಎಂದು ಹೆಮ್ಮೆ ಪಡುವಾಗ ಇದನ್ನೂ ನೆನೆಯಬೇಕು. ಸ್ಪ್ಯಾನಿಷಿನವರಿಗೆ ಎದ್ದು ಹೋಗುವಷ್ಟು ಜನರಿದ್ದರು, ಹೋದ ಮೇಲೆ ಹಳೆಯ ಮನೆಯನ್ನು ತುಂಬಲು ಬೇರೆಯವರೂ ಬಂದರು. ನಮ್ಮಲ್ಲಿ ನಾಲ್ಕು ಜನ ಮುನಿಸಿಕೊಂಡರೆ ಕೆಲಸವೇ ನಿಲ್ಲುತ್ತದೆ. ಅಲ್ಲಿ ಜಗಳ ಕಡಿಮೆಯಾಗಿದ್ದರೆ ಅದು ಸೌಹಾರ್ದವೋ ಜನರ ಅಭಾವವೋ ಎಂದು ನಾವು ಯೋಚಿಸುವುದುಂಟು.

ಮುಕ್ತ ಪರವಾನಗಿಯಿಂದ ಕನ್ನಡಕ್ಕೆ ಆದ ಒಂದು ಲಾಭವನ್ನು ಹೇಳದೆ ಬಿಡಬಾರದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ನಮ್ಮಲ್ಲಿ ಹಲವರು ಕಾಲೇಜಿನ ಲೈಬ್ರರಿಯಲ್ಲಿ ಎರಡು ಕೈಯಲ್ಲಿ ಎತ್ತಿ ನೋಡಿದ ಆ ದಪ್ಪ ಸಂಪುಟಗಳು, ನೂರಾರು ವಿದ್ವಾಂಸರ ದಶಕಗಳ ದುಡಿಮೆ. 2014ರಲ್ಲಿ ವಿಶ್ವವಿದ್ಯಾನಿಲಯ ಅದರ ಕೆಲವು ಸಂಪುಟಗಳನ್ನು ಅಂಥದೇ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಸ್ವಯಂಸೇವಕರು ಅವನ್ನು ಕನ್ನಡ ವಿಕಿಸೋರ್ಸ್ ಎಂಬ ಪುಸ್ತಕ ಭಂಡಾರಕ್ಕೆ ಸೇರಿಸಿದರು. ಈಗ ಯಾವ ದೇಶದಲ್ಲಿ ಕುಳಿತೂ ಅವನ್ನು ಓದಬಹುದು, ಬೇಕಾದ ಭಾಗವನ್ನು ಎತ್ತಿ ವಿಕಿಪೀಡಿಯಾದ ಲೇಖನಕ್ಕೆ ಸೇರಿಸಬಹುದು. ಹಳೆಯ ಅಂಕಿಅಂಶಗಳನ್ನು ಹಾಗೆಯೇ ಬಿಡಬೇಕೋ ತಿದ್ದಬೇಕೋ ಎಂದು ಕೇಳುವವರಿಗೆ ಪ್ರತಿ ಪುಟದ ಹಿಂದೆ ಒಂದು ಚರ್ಚಾಪುಟವಿದೆ. ಬಹಳಷ್ಟು ಚರ್ಚಾಪುಟಗಳು ಇನ್ನೂ ಖಾಲಿಯಾಗಿವೆ.