ಸ್ಯಾಂಡರ್ಸನ್ (ಕುಲನಾಮ)

ಸ್ಯಾಂಡರ್ಸನ್ ಎಂಬುದು ಉತ್ತರ ಇಂಗ್ಲೆಂಡ್ ಹಾಗೂ ಸ್ಕಾಟ್ಲೆಂಡ್ ಪ್ರದೇಶಗಳಲ್ಲಿ ಬಳಕೆಗೆ ಬಂದ ಒಂದು ಇಂಗ್ಲಿಷ್ ಕುಲನಾಮ. ಸ್ಮಿತ್, ಜೋನ್ಸ್, ಬ್ರೌನ್ ಮುಂತಾದ ಹೆಸರುಗಳಷ್ಟು ಇದು ವ್ಯಾಪಕವಾದುದಲ್ಲ. ಕರ್ನಾಟಕದ ಇತಿಹಾಸದಲ್ಲಿ ಈ ಹೆಸರಿನ ಇಬ್ಬರು ಪ್ರಸಿದ್ಧರಾಗಿದ್ದಾರೆ. ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿದ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್ ಒಬ್ಬರು. ಇಂದಿನ ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿ ಮೈಸೂರು ಸಂಸ್ಥಾನದ ಮೊದಲ ಯಶಸ್ವೀ ಆನೆ ಖೆಡ್ಡಾವನ್ನು ನಡೆಸಿದ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಇನ್ನೊಬ್ಬರು. ಇವರು ತಂದೆ ಮತ್ತು ಮಗ.

ಹೆಸರಿನ ವ್ಯುತ್ಪತ್ತಿ

‘ಸ್ಯಾಂಡರ್’ ಎಂಬುದು ಅಲೆಕ್ಸಾಂಡರ್ ಎಂಬ ಹೆಸರಿನ ಹ್ರಸ್ವರೂಪ. ಅದಕ್ಕೆ ಮಗ ಎಂಬ ಅರ್ಥದ ‘ಸನ್’ ಸೇರಿ ‘ಸ್ಯಾಂಡರನ ಮಗ’ ಎಂಬ ಅರ್ಥದಲ್ಲಿ ಈ ಕುಲನಾಮ ಹುಟ್ಟಿತು. ಅಲೆಕ್ಸಾಂಡರ್ ಎಂಬ ಗ್ರೀಕ್ ಹೆಸರಿಗೆ ‘ಜನರನ್ನು ಕಾಪಾಡುವವನು’ ಎಂದು ಅರ್ಥ. ಸಾಂಡರ್ಸ್, ಸಾಂಡರ್ಸನ್ ಮುಂತಾದುವು ಇದೇ ಬೇರಿನಿಂದ ಬಂದ ಬೇರೆ ಬೇರೆ ಕಾಗುಣಿತಗಳು.

ತಂದೆಯ ಹೆಸರು ಹೀಗೆ ವಂಶದ ಹೆಸರಾಗಿ ನಿಲ್ಲುವ ಪದ್ಧತಿ ಹಳೆಯ ಮೈಸೂರು ಭಾಗಕ್ಕೆ ಅಪರಿಚಿತ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ತಲೆಮಾರುಗಳವರೆಗೆ ಸಾಗಿಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಗಳಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವೇ ಹೆಸರಿನ ಹಿಂದೆ ನಿಲ್ಲುತ್ತದೆ. ಅದು ತಲೆಮಾರಿಗೊಮ್ಮೆ ಬದಲಾಗುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಮೊದಲಕ್ಷರಗಳು ವ್ಯಕ್ತಿಯದ್ದೇ ಹೆಸರಿಗೆ ಸಂಬಂಧಿಸಿದವು. ಆದ್ದರಿಂದ ಗ್ರಂಥಸೂಚಿಗಳಲ್ಲಿ ಬರುವ ‘ಡಿ. ಸ್ಯಾಂಡರ್ಸನ್’ ಮತ್ತು ‘ಜಿ. ಪಿ. ಸ್ಯಾಂಡರ್ಸನ್’ ಎಂಬ ಎರಡು ನಮೂದುಗಳನ್ನು ಬೇರೆ ಬೇರೆಯಾಗಿಯೇ ಗುರುತಿಸಬೇಕಾಗುತ್ತದೆ.

ಕರ್ನಾಟಕಕ್ಕೆ ಸಂಬಂಧಿಸಿದವರು

ಡೇನಿಯಲ್ ಸ್ಯಾಂಡರ್ಸನ್

ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್‌ಗೆ ಸೇರಿದ ಪಾದ್ರಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದರು. ಕನ್ನಡ ಗ್ರಂಥಗಳ ಮುದ್ರಣ ಇನ್ನೂ ಎಳವೆಯಲ್ಲಿದ್ದ ಆ ಕಾಲದಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಇವರ ಕೃತಿಗಳು ಹೊರಬಂದವು.

ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ ಇವರು 1852ರಲ್ಲಿ ಪ್ರಕಟಿಸಿದರು. ಗಮಕಿಗಳ ಬಾಯಲ್ಲಿ ಊರೂರು ಸುತ್ತುತ್ತಿದ್ದ ವಾರ್ಧಕ ಷಟ್ಪದಿಯ ಈ ಕಾವ್ಯ ವಿದೇಶೀ ಓದುಗರಿಗೆ ಪರಿಚಯವಾಗಲು ಅದು ನೆರವಾಯಿತು.

ಇವರ ಹೆಸರು ಹೆಚ್ಚಾಗಿ ಉಳಿದಿರುವುದು ನಿಘಂಟಿನ ಕೆಲಸದಿಂದ. ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮುದ್ರಣಗೊಂಡಿತ್ತು. ಅದನ್ನು ತಿದ್ದಿ, ಪರಿಷ್ಕರಿಸಿ, ಸಂಕ್ಷೇಪಿಸಿ ಸ್ಯಾಂಡರ್ಸನ್ 1858ರಲ್ಲಿ ಹೊರತಂದರು. ಫರ್ಡಿನೆಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಗುವವರೆಗಿನ ಮೂರೂವರೆ ದಶಕಗಳ ಕಾಲ ಕನ್ನಡ ಕಲಿಯುವ ಅಧಿಕಾರಿಗಳಿಗೂ ಪಾದ್ರಿಗಳಿಗೂ ಇದೊಂದು ಮುಖ್ಯ ಆಸರೆಯಾಗಿತ್ತು. ರೀವ್ ಮತ್ತು ಕಿಟ್ಟೆಲ್ ಎಂಬ ಎರಡು ದೊಡ್ಡ ಹೆಸರುಗಳ ನಡುವೆ ಬರುವುದರಿಂದ ಸ್ಯಾಂಡರ್ಸನ್ ಅವರ ಪರಿಶ್ರಮ ಹಲವು ವೇಳೆ ಗಮನಕ್ಕೆ ಬಾರದೆ ಹೋಗುತ್ತದೆ.

ಜಾರ್ಜ್ ಪೆರೆಸ್ ಸ್ಯಾಂಡರ್ಸನ್

ಡೇನಿಯಲ್ ಸ್ಯಾಂಡರ್ಸನ್ ಅವರ ಮಗನಾದ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಭಾರತದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದರು. 1864ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಮೈಸೂರಿಗೆ ಮರಳಿದರು. ಕನ್ನಡ ಭಾಷೆಯನ್ನು ಕಲಿತು ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ನದಿ ನಾಲೆಗಳ ಉಸ್ತುವಾರಿಯನ್ನು ವಹಿಸಿಕೊಂಡರು. ನಾಲೆಗಳ ಮೇಲ್ವಿಚಾರಣೆಗಾಗಿ ಕಾಡಂಚಿನ ಹಳ್ಳಿಗಳಲ್ಲಿ ತಿರುಗುತ್ತಿದ್ದ ಇವರಿಗೆ ರೈತರ ಪಾಡೂ ಆನೆಗಳ ನಡೆಯೂ ಒಟ್ಟಿಗೇ ಪರಿಚಯವಾದವು. ಚಾಮರಾಜನಗರದ ಬಳಿ, ಬಿಳಿಗಿರಿರಂಗನ ಬೆಟ್ಟಗಳಿಗೆ ಸಮೀಪದಲ್ಲಿ, ಬಂಗಲೆಯೊಂದನ್ನು ಮಾಡಿಕೊಂಡು ನೆಲೆಸಿದರು.

ಖೆಡ್ಡಾದ ಹಿನ್ನೆಲೆ: ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಯಲು ಗುಂಡಿ ತೋಡಿ, ಮೇಲೆ ಸೊಪ್ಪುಸದೆ ಮುಚ್ಚುವ ಪದ್ಧತಿಯಿತ್ತು. ಗುಂಡಿಗೆ ಬಿದ್ದ ಆನೆಗಳಲ್ಲಿ ಅನೇಕವು ಕಾಲು ಮುರಿದುಕೊಂಡೋ ಹಸಿವಿನಿಂದಲೋ ಸಾಯುತ್ತಿದ್ದವು. ಈ ಕ್ರಮವನ್ನು ಸ್ಯಾಂಡರ್ಸನ್ ಕಟುವಾಗಿ ಖಂಡಿಸಿದರು. ಅತ್ತ ರಾಗಿ, ಭತ್ತ, ಕಬ್ಬಿನ ಬೆಳೆಗಳನ್ನು ಕಾಯಲು ರೈತರು ಅಟ್ಟಣೆಗಳ ಮೇಲೆ ಪಂಜು ಹಿಡಿದು ಇರುಳಿಡೀ ಕೂರಬೇಕಾಗಿತ್ತು. ಬಂಗಾಳದಲ್ಲಿ ನಡೆಯುತ್ತಿದ್ದಂತೆ ಇಡೀ ಹಿಂಡನ್ನೇ ಸುತ್ತುಗಟ್ಟಿ ಹಿಡಿದರೆ ಬೆಳೆಹಾನಿ ತಗ್ಗುವುದಲ್ಲದೆ ಸರ್ಕಾರಕ್ಕೆ ದುಡಿಯುವ ಆನೆಗಳೂ ದೊರೆಯುತ್ತವೆ ಎಂದು ಅವರು ಮೈಸೂರು ಸರ್ಕಾರದ ಮುಂದೆ ಸಲಹೆಯಿಟ್ಟರು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು.

ಇದು ಆಗದ ಕೆಲಸವೆಂಬ ಅಭಿಪ್ರಾಯವೂ ಬಲವಾಗಿತ್ತು. ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇಂಥದೇ ಪ್ರಯತ್ನ ಮಾಡಿ ಸೋತು, ಮುಂದೆ ಯಾರೂ ಇದಕ್ಕೆ ಕೈಹಾಕಬಾರದೆಂದು ಶಾಪವನ್ನು ಕಲ್ಲಿನಲ್ಲಿ ಬರೆಸಿದ್ದನೆಂಬ ಸಂಗತಿಯನ್ನು ಸ್ಯಾಂಡರ್ಸನ್ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ.

1874ರ ಖೆಡ್ಡಾ: ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಹರಿಯುವ ಹೊನ್ನುಹೊಳೆಯ ದಡದಲ್ಲಿ ಖೆಡ್ಡಾ ಸಿದ್ಧವಾಯಿತು. ಸುವರ್ಣಾವತಿ ಎಂಬುದು ಇದೇ ಹೊಳೆಯ ಇನ್ನೊಂದು ಹೆಸರು. ಆನೆಗಳು ಬಂದುಹೋಗುವ ಜಾಡನ್ನು ತಿಂಗಳುಗಟ್ಟಲೆ ಗಮನಿಸಿ ಸ್ಥಳವನ್ನು ಆರಿಸಲಾಯಿತು. ಹಿಂಡು ಒಳಬಂದೊಡನೆ ಸುತ್ತಲೂ ಜನರ ಕಾವಲು ನಿಂತಿತು. ಹಗಲಿರುಳು ಬೆಂಕಿ ಉರಿಸಿ, ಸದ್ದು ಮಾಡಿ ಆನೆಗಳು ಹೊರಹೋಗದಂತೆ ತಡೆಯಲಾಯಿತು. ಬಳಿಕ ಕಂದಕ ಮತ್ತು ಮರದ ದಿಮ್ಮಿಗಳ ಬೇಲಿಯಿಂದ ಭದ್ರಪಡಿಸಿದ ಚಿಕ್ಕ ಆವರಣಕ್ಕೆ ಅವುಗಳನ್ನು ಅಟ್ಟಿ ಬಾಗಿಲು ಮುಚ್ಚಿದರು. ಮಾವುತರು ಪಳಗಿದ ಕುಮ್ಕಿ ಆನೆಗಳ ಮೇಲೆ ಒಳಹೊಕ್ಕು, ಕಾಡಾನೆಗಳ ಕಾಲಿಗೆ ಹಗ್ಗ ಬಿಗಿದು ಒಂದೊಂದನ್ನಾಗಿ ಹೊರತಂದರು. ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಸಿಕ್ಕವು.

ಈ ಯಶಸ್ಸಿನಿಂದ ಸ್ಯಾಂಡರ್ಸನ್‌ಗೆ ಬಂಗಾಳ ಸರ್ಕಾರದ ಆನೆ ಹಿಡಿಯುವ ವಿಭಾಗದಲ್ಲಿ ಕೆಲಸ ದೊರೆಯಿತು. ಢಾಕಾವನ್ನು ಕೇಂದ್ರವಾಗಿಸಿಕೊಂಡು ಚಿತ್ತಗಾಂಗ್ ಮತ್ತು ಗಾರೋ ಬೆಟ್ಟಗಳ ಕಾಡುಗಳಲ್ಲಿ ಅವರು ಖೆಡ್ಡಾ ನಡೆಸಿದರು. ಮುಂದೆ ಮೈಸೂರಿನ ಖೆಡ್ಡಾಗಳು ಕಪಿಲಾ ನದಿಯ ದಡದ ಕಾಕನಕೋಟೆಗೆ ಸ್ಥಳಾಂತರಗೊಂಡವು. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾವೇ ಸಂಸ್ಥಾನದ ಮುಖ್ಯ ಪ್ರದರ್ಶನವಾಗಿತ್ತು. ಸ್ಯಾಂಡರ್ಸನ್ 1892ರಲ್ಲಿ ಮದರಾಸಿನಲ್ಲಿ ನಿಧನರಾದರು.

ಬರಹ: 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಥರ್ಟೀನ್ ಇಯರ್ಸ್ ಅಮಾಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಇವರ ಪ್ರಸಿದ್ಧ ಕೃತಿ. ಬೇಟೆಯ ಅನುಭವಗಳ ಜೊತೆಗೆ ಆನೆ, ಕಾಟಿ, ಹುಲಿ, ಚಿರತೆ, ಕರಡಿಗಳ ಸ್ವಭಾವದ ವಿವರಗಳು ಇದರಲ್ಲಿವೆ. ಆನೆಯ ಹಿಂಡಿಗೆ ಹೆಣ್ಣಾನೆಯೇ ಮುಂದಾಳು ಎಂಬುದನ್ನು ಅವರು ಸ್ಪಷ್ಟವಾಗಿ ದಾಖಲಿಸಿದರು. ಆನೆಗಳ ಎತ್ತರದ ಬಗ್ಗೆ ಪ್ರಚಲಿತವಾಗಿದ್ದ ಉತ್ಪ್ರೇಕ್ಷೆಗಳನ್ನು ಅಳತೆಗಳಿಂದ ಅಲ್ಲಗಳೆದರು. ಜಿಂಕೆ, ಹಂದಿಗಳ ಹಾವಳಿಯನ್ನು ಹತೋಟಿಯಲ್ಲಿಡುವುದರಿಂದ ಹುಲಿ ಬೇಸಾಯಗಾರನಿಗೆ ಉಪಕಾರಿಯೇ ಹೊರತು ಶತ್ರುವಲ್ಲ, ಅದನ್ನು ನಿರ್ನಾಮ ಮಾಡುವುದು ತಪ್ಪು ಎಂಬುದು ಅವರ ವಾದ. ಹುಲಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ದಿನಗಳಲ್ಲಿ, ಸ್ವತಃ ಬೇಟೆಗಾರನಾದವನೊಬ್ಬ ಹೀಗೆ ಬರೆದುದು ಗಮನಾರ್ಹ.

ರಡ್ಯಾರ್ಡ್ ಕಿಪ್ಲಿಂಗ್ ಅವರ ‘ಜಂಗಲ್ ಬುಕ್’ (1894) ಸಂಕಲನದ ತೂಮಾಯಿ ಎಂಬ ಬಾಲಕನ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಸ್ಯಾಂಡರ್ಸನ್ ಅವರೇ ಮಾದರಿ ಎಂದು ಹೇಳಲಾಗುತ್ತದೆ. ಈ ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ (1937) ಚಲನಚಿತ್ರದ ಹೊರಾಂಗಣ ಚಿತ್ರೀಕರಣ ಮೈಸೂರು ಸೀಮೆಯಲ್ಲಿ ನಡೆಯಿತು. ತೂಮಾಯಿಯಾಗಿ ನಟಿಸಿದ ಸಾಬು ದಸ್ತಗೀರ್ ಕಾಕನಕೋಟೆಗೆ ಹತ್ತಿರದ ಕಾರಾಪುರದವರು.

ಮೌಲ್ಯಮಾಪನ: ಗುಂಡಿಗಿಂತ ಖೆಡ್ಡಾ ಕಡಿಮೆ ಕ್ರೂರವಾದುದು ಎಂಬ ಸ್ಯಾಂಡರ್ಸನ್ ಅವರ ವಾದದಲ್ಲಿ ಹುರುಳಿತ್ತು. ಆದರೂ ಸೆರೆಸಿಕ್ಕ ಆನೆಗಳೆಲ್ಲ ಬದುಕಿ ಉಳಿಯಲಿಲ್ಲ. ಮರಿಗಳು ಹಿಂಡಿನಿಂದ ಅಗಲಿದವು. ಪಳಗಿಸುವ ಹಂತದಲ್ಲಿ ನೋವು ತಪ್ಪುತ್ತಿರಲಿಲ್ಲ. ಕನ್ನಡದಲ್ಲಿ ‘ಖೆಡ್ಡಾಕ್ಕೆ ಕೆಡವು’ ಎಂದರೆ ಮೋಸದಿಂದ ಸಿಕ್ಕಿಸು ಎಂಬ ಅರ್ಥವೇ ರೂಢಿಗೆ ಬಂದಿದೆ.

ಖೆಡ್ಡಾದ ಯಶಸ್ಸು ಒಬ್ಬರದೇ ಅಲ್ಲ. ಹೆಜ್ಜೆಗುರುತು, ಲದ್ದಿ, ಮುರಿದ ಕೊಂಬೆಗಳನ್ನು ನೋಡಿ ಹಿಂಡಿನ ಸುಳಿವು ಹೇಳಬಲ್ಲ ಸೋಲಿಗರು ಮತ್ತು ಕಾಡುಕುರುಬರು, ಬೆಂಕಿಯ ಕಾವಲಿಗೆ ನಿಂತ ಸುತ್ತಣ ಹಳ್ಳಿಗರು, ಪ್ರಾಣದ ಹಂಗು ತೊರೆದು ಆವರಣದೊಳಗೆ ಇಳಿದ ಮಾವುತರು ಇದರಲ್ಲಿ ಸಮಭಾಗಿಗಳು. ಸ್ಯಾಂಡರ್ಸನ್ ತಮ್ಮ ಪುಸ್ತಕದಲ್ಲಿ ಇವರ ಕೌಶಲವನ್ನು ಮೆಚ್ಚಿ ಬರೆದಿದ್ದಾರೆ. ಆದರೆ ಇತಿಹಾಸದಲ್ಲಿ ಖೆಡ್ಡಾದೊಡನೆ ತಳಕು ಹಾಕಿಕೊಂಡದ್ದು ಒಂದು ಇಂಗ್ಲಿಷ್ ಕುಲನಾಮ ಮಾತ್ರ.

ಪ್ರದೇಶದ ಇಂದಿನ ಸ್ಥಿತಿ

ಹಿಂದೆ ಅರಿಕುಠಾರ ಎಂದು ಕರೆಯಲಾಗುತ್ತಿದ್ದ ಚಾಮರಾಜನಗರಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ 1818ರಲ್ಲಿ ಈಗಿನ ಹೆಸರನ್ನಿಟ್ಟರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಇದು ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. ಸ್ಯಾಂಡರ್ಸನ್ ಆನೆ ಹಿಡಿದ ಸೀಮೆಗೆ ಹೊಂದಿಕೊಂಡ ಬೆಟ್ಟಸಾಲು ಈಗ ಬಿಳಿಗಿರಿರಂಗನಾಥ ಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು.

ಮೈಸೂರು ಸೀಮೆಯ ಕೊನೆಯ ಖೆಡ್ಡಾ 1971ರಲ್ಲಿ ಕಾಕನಕೋಟೆಯಲ್ಲಿ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದ ಬಳಿಕ ಆ ಪದ್ಧತಿ ಮತ್ತೆ ನಡೆಯಲಿಲ್ಲ. ಕಾಕನಕೋಟೆಯ ಖೆಡ್ಡಾ ಬಯಲು ಕಬಿನಿ ಜಲಾಶಯದಲ್ಲಿ ಮುಳುಗಿತು. ಬೆಳೆ ಮತ್ತು ಆನೆಗಳ ನಡುವಿನ ತಿಕ್ಕಾಟ ಮಾತ್ರ ಮುಗಿದಿಲ್ಲ. ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ, ಬಂಡೀಪುರ ಮತ್ತು ನೀಲಗಿರಿ ಕಾಡುಗಳ ನಡುವೆ ಆನೆಗಳು ಇಂದಿಗೂ ಓಡಾಡುತ್ತವೆ. ಕಾಡಂಚಿನ ರೈತರು ಇಂದಿಗೂ ಇರುಳು ಕಾವಲು ಕಾಯುತ್ತಾರೆ. ಪಂಜಿನ ಜಾಗಕ್ಕೆ ಟಾರ್ಚ್, ಸೌರ ಬೇಲಿ, ಆನೆ ತಡೆ ಕಂದಕ ಹಾಗೂ ರೈಲು ಕಂಬಿಗಳ ತಡೆಗೋಡೆಗಳು ಬಂದಿವೆ. ಹತ್ತೊಂಬತ್ತನೆಯ ಶತಮಾನದ ಬೆಳೆಹಾನಿಯ ವಿವರಗಳಿರುವುದರಿಂದ ಸ್ಯಾಂಡರ್ಸನ್ ಅವರ ಪುಸ್ತಕಕ್ಕೆ ಈ ವಿಷಯದ ಅಧ್ಯಯನದಲ್ಲಿ ಇಂದಿಗೂ ಬೆಲೆಯಿದೆ.

ಈ ಕುಲನಾಮದ ಇತರ ಗಮನಾರ್ಹ ವ್ಯಕ್ತಿಗಳು

• ರಾಬರ್ಟ್ ಸ್ಯಾಂಡರ್ಸನ್ (1587–1663): ಇಂಗ್ಲೆಂಡಿನ ಧರ್ಮಶಾಸ್ತ್ರಜ್ಞ, ಲಿಂಕನ್ ಪ್ರಾಂತದ ಬಿಷಪ್. ಇವರು ಲ್ಯಾಟಿನ್‌ನಲ್ಲಿ ಬರೆದ ತರ್ಕಶಾಸ್ತ್ರದ ಪುಸ್ತಕ ಬಹುಕಾಲ ಪಠ್ಯವಾಗಿತ್ತು.

• ಜಾನ್ ಸ್ಕಾಟ್ ಬರ್ಡನ್ ಸ್ಯಾಂಡರ್ಸನ್ (1828–1905): ಶರೀರಕ್ರಿಯಾ ವಿಜ್ಞಾನಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಕೀಟಾಹಾರಿ ಸಸ್ಯವೊಂದರ ಎಲೆ ಮುಚ್ಚಿಕೊಳ್ಳುವಾಗ ಅದರಲ್ಲಿ ವಿದ್ಯುತ್ ಸಂಚಲನ ಉಂಟಾಗುವುದನ್ನು ತೋರಿಸಿಕೊಟ್ಟರು.

• ಫ್ರೆಡರಿಕ್ ವಿಲಿಯಂ ಸ್ಯಾಂಡರ್ಸನ್ (1857–1922): ಇಂಗ್ಲೆಂಡಿನ ಔಂಡಲ್ ಶಾಲೆಯ ಮುಖ್ಯೋಪಾಧ್ಯಾಯ. 1892ರಿಂದ ಮೂವತ್ತು ವರ್ಷ ಆ ಹುದ್ದೆಯಲ್ಲಿದ್ದು ಪ್ರಯೋಗಾಲಯ ಮತ್ತು ಕಾರ್ಯಾಗಾರಗಳನ್ನು ಶಾಲಾ ಶಿಕ್ಷಣದ ಅಂಗವಾಗಿಸಿದರು. ವಿದ್ಯಾರ್ಥಿಗಳು ಸ್ಪರ್ಧೆಗಿಂತ ಸಹಕಾರದಿಂದ ಕಲಿಯಬೇಕೆಂಬುದು ಇವರ ನಿಲುವು. ಕಾದಂಬರಿಕಾರ ಎಚ್. ಜಿ. ವೆಲ್ಸ್ ಇವರ ಜೀವನಚರಿತ್ರೆಯನ್ನು ಬರೆದಿದ್ದಾರೆ.

• ಲ್ಯಾನ್ಸ್‌ಲಾಟ್ ಸ್ಯಾಂಡರ್ಸನ್ (1863–1944): 1915ರಿಂದ 1926ರವರೆಗೆ ಕಲ್ಕತ್ತಾ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರು.

• ಐವನ್ ಟಿ. ಸ್ಯಾಂಡರ್ಸನ್ (1911–1973): ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪ್ರಾಣಿಶಾಸ್ತ್ರದ ಲೇಖಕ.

• ಟೆಸ್ಸಾ ಸ್ಯಾಂಡರ್ಸನ್ (ಜನನ 1956): ಜಮೈಕಾದಲ್ಲಿ ಹುಟ್ಟಿದ ಬ್ರಿಟಿಷ್ ಕ್ರೀಡಾಪಟು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಜಾವೆಲಿನ್ ಎಸೆತದಲ್ಲಿ ಚಿನ್ನದ ಪದಕ ಗೆದ್ದರು.

• ಬ್ರಾಂಡನ್ ಸ್ಯಾಂಡರ್ಸನ್ (ಜನನ 1975): ಅಮೆರಿಕದ ಅದ್ಭುತಕಥಾ ಕಾದಂಬರಿಕಾರ.

ಹೆಸರುಗಳ ಗೊಂದಲ

• ಕೆನೆತ್ ಆಂಡರ್ಸನ್ (1910–1974): ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಮತ್ತು ಲೇಖಕ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ಕನ್ನಡ ಓದುಗರಿಗೆ ಚಿರಪರಿಚಿತರು. ಕಾಡು ಮತ್ತು ಬೇಟೆಯ ವಿಷಯವನ್ನೇ ಬರೆದ ಕಾರಣ ಹಾಗೂ ಹೆಸರಿನ ಸಾಮ್ಯದಿಂದ ಇವರನ್ನು ಜಿ. ಪಿ. ಸ್ಯಾಂಡರ್ಸನ್ ಎಂದು ಭಾವಿಸುವ ಸಾಧ್ಯತೆಯಿದೆ. ಸ್ಯಾಂಡರ್ಸನ್ ತೀರಿಕೊಂಡ ಹದಿನೆಂಟು ವರ್ಷಗಳ ಬಳಿಕ ಆಂಡರ್ಸನ್ ಹುಟ್ಟಿದರು. ಆಂಡರ್ಸನ್ ಎಂದರೆ ‘ಆಂಡ್ರ್ಯೂವಿನ ಮಗ’. ಎರಡು ಕುಲನಾಮಗಳಿಗೂ ಸಂಬಂಧವಿಲ್ಲ.

• ನಿಕೋಲಸ್ ಸಾಂಡರ್ಸನ್ (1682–1739): ಶೈಶವದಲ್ಲೇ ದೃಷ್ಟಿ ಕಳೆದುಕೊಂಡು, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದವರು. ಇವರ ಹೆಸರಿನ ಕಾಗುಣಿತ ಇಂಗ್ಲಿಷಿನಲ್ಲಿ ಬೇರೆ.

• ಡೇನಿಯಲ್ ಮತ್ತು ಜಾರ್ಜ್ ಸ್ಯಾಂಡರ್ಸನ್: ನಿಘಂಟು ಹಾಗೂ ಜೈಮಿನಿ ಭಾರತದ ಆವೃತ್ತಿ ತಂದೆಯವು, ಖೆಡ್ಡಾ ಮತ್ತು ವನ್ಯಜೀವಿ ಗ್ರಂಥ ಮಗನವು.

ಇವನ್ನೂ ನೋಡಿ

• ಖೆಡ್ಡಾ
• ಬಿಳಿಗಿರಿರಂಗನ ಬೆಟ್ಟ
• ಬಂಡೀಪುರ ರಾಷ್ಟ್ರೀಯ ಉದ್ಯಾನ
• ಸೋಲಿಗರು
• ಫರ್ಡಿನೆಂಡ್ ಕಿಟ್ಟೆಲ್
• ಲಕ್ಷ್ಮೀಶ