ಎಣಿಕೆ ನಿಂತ ಗಳಿಗೆಗಳ ಲೆಕ್ಕ

ಒಂದು ಕಣವನ್ನು ದಾಖಲಿಸಿಕೊಳ್ಳುವ ಕೆಲಸದಲ್ಲಿರುವ ಉಪಕರಣಕ್ಕೆ ಮುಂದಿನ ಕಣ ಕಾಣದಿರುವ ಅವಧಿಯೇ ಡೆಡ್‌ಟೈಮ್. ಕುಣಿಗಲ್ ಬಸ್ಸಿನ ಕಂಡಕ್ಟರ್ ತಲೆತಗ್ಗಿಸಿ ಚಿಲ್ಲರೆ ಎಣಿಸುವಾಗ ಹಿಂಬಾಗಿಲಲ್ಲಿ ಹತ್ತಿದವರು ಲೆಕ್ಕಕ್ಕೆ ಸಿಗದೆ ಹೋಗುವ ಹಾಗೆ. ಅಳೆದರೆ ತಿದ್ದಿಕೊಳ್ಳಬಹುದು. ಅಳತೆಯೇ ದಾರಿ ತಪ್ಪಿಸಿದಾಗ ಕಷ್ಟ.

1928ರಲ್ಲಿ ಗೈಗರ್ ಮತ್ತು ಮ್ಯೂಲರ್ ರೂಪಿಸಿದ ಕೊಳವೆಯಲ್ಲಿ ಈ ಅವಧಿ ಸುಮಾರು 100 ಮೈಕ್ರೋಸೆಕೆಂಡ್. ಎರಡು ವಿಕಿರಣ ಆಕರಗಳನ್ನು ಬಿಡಿಬಿಡಿಯಾಗಿಯೂ ಒಟ್ಟಿಗೂ ಎಣಿಸಿ, ಮೊತ್ತದಲ್ಲಿ ಬಿದ್ದ ಕೊರತೆಯಿಂದ ಅದನ್ನು ಕಂಡುಹಿಡಿಯುವುದು ಹಳೆಯ ಕ್ರಮ. ಆದರೆ ಉಪಕರಣಗಳಲ್ಲಿ ಎರಡು ಜಾತಿ. ಸೆಕೆಂಡಿಗೆ 10,000 ಕಣ ಬಂದರೆ ಒಂದು ಜಾತಿಯದು 5,000 ತೋರಿಸುತ್ತದೆ. ತಪ್ಪಿಹೋದ ಕಣವೂ ಕುರುಡು ಅವಧಿಯನ್ನು ಮತ್ತೆ ಮೊದಲಿನಿಂದ ಶುರುಮಾಡುವ ಇನ್ನೊಂದು ಜಾತಿಯದು ಸುಮಾರು 3,700 ತೋರಿಸುತ್ತದೆ. ಕಣಗಳು ಇನ್ನೂ ಹೆಚ್ಚಿದರೆ ಈ ಎರಡನೆಯದರ ಎಣಿಕೆ ಏರುವ ಬದಲು ಇಳಿಯುತ್ತದೆ. ವಿಕಿರಣ ತೀರಾ ಕಡಿಮೆಯೋ, ಅಪಾಯಕರವಾಗಿ ಹೆಚ್ಚೋ ಎಂಬುದನ್ನು ಅಂಥ ಅಂಕಿಯೊಂದರಿಂದಲೇ ಹೇಳುವುದು ಅಸಾಧ್ಯ.

ಕೋಲಾರದ ಚಿನ್ನದ ಗಣಿಯಲ್ಲಿ ಕಥೆ ತಿರುವುಮುರುವು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಸಿಕ್ಕಿದ ಘಟನೆಗಳು ಬೆರಳೆಣಿಕೆಯವು; ಎಲೆಕ್ಟ್ರಾನಿಕ್ಸಿನ ಡೆಡ್‌ಟೈಮ್ ಅಲ್ಲಿ ನಗಣ್ಯ. ಅಲ್ಲಿನ ಕಷ್ಟ ಬೇರೆ: ಉಪಕರಣ ಕೆಟ್ಟು ಸುಮ್ಮನಿದ್ದ ಗಂಟೆಗೂ ಏನೂ ಬಾರದ ಗಂಟೆಗೂ ದಾಖಲೆಯಲ್ಲಿ ವ್ಯತ್ಯಾಸ ಕಾಣದು.

ಆಕಾಶಕ್ಕೆ ಬಂದರೆ, 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಎಕ್ಸ್-ಕಿರಣ ಉಪಕರಣದ ಡೆಡ್‌ಟೈಮ್ ಸುಮಾರು 42 ಮೈಕ್ರೋಸೆಕೆಂಡ್. ಸೆಕೆಂಡಿಗೆ 10,000 ಫೋಟಾನ್ ಬಂದರೆ ದಾಖಲಾಗುವುದು 7,000ದಷ್ಟು. ಕಡಿಮೆಯಾದ ಎಣಿಕೆಯನ್ನು ತಿದ್ದುವುದು ಸುಲಭ. ನಿಜವಾದ ತೊಂದರೆ ಲಯದಲ್ಲಿದೆ: ಎರಡು ಎಣಿಕೆಗಳ ನಡುವೆ ಕಡ್ಡಾಯ ಅಂತರ ಬೀಳುವುದರಿಂದ ಎಣಿಕೆಯ ಯಾದೃಚ್ಛಿಕ ಏರಿಳಿತದ (ನಾಯ್ಸ್) ಮಟ್ಟ ನಿರೀಕ್ಷೆಗಿಂತ ಕೆಳಗಿಳಿಯುತ್ತದೆ. ಇದನ್ನು ಗಣಿಸದಿದ್ದರೆ ಕಪ್ಪುಕುಳಿಯ ಬಳಿಯ ಸೂಕ್ಷ್ಮ ಮಿನುಗಾಟದ ಅಂದಾಜೂ ತಪ್ಪುತ್ತದೆ.

ಅತಿ ಹೆಚ್ಚು ಮೋಸಹೋಗುವುದು ವೇಗವರ್ಧಕಗಳಲ್ಲಿ. ಒಂದು ಘಟನೆ ಓದಲು 1 ಮಿಲಿಸೆಕೆಂಡ್ ಬೇಕು, ಸೆಕೆಂಡಿಗೆ 100 ಟ್ರಿಗರ್ (‘ಈ ಘಟನೆಯನ್ನು ದಾಖಲಿಸು’ ಎಂಬ ಸಂಕೇತ) ಬರುತ್ತವೆ, ಆದರೆ ಕಣಗಳ ಕಿರಣ ಹರಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಎಂದುಕೊಳ್ಳೋಣ. ಆ ನೂಕುನುಗ್ಗಲಲ್ಲಿ ದಾಖಲಾಗುವುದು ಸುಮಾರು 50; ಅರ್ಧ ನಷ್ಟ. ಗಡಿಯಾರದ ಲೆಕ್ಕದಲ್ಲಾದರೆ ವ್ಯವಸ್ಥೆ ಕುರುಡಾಗಿದ್ದದ್ದು ಇಡೀ ಸೆಕೆಂಡಿನಲ್ಲಿ ಶೇ. 5 ಮಾತ್ರ. ಎರಡೂ ಅಂಕಿಗಳು ಸರಿಯೇ, ಆದರೆ ಭೌತವಿಜ್ಞಾನಿಗೆ ಬೇಕಾದದ್ದು ಮೊದಲನೆಯದು. ಆದ್ದರಿಂದ ಬಂದ ಟ್ರಿಗರ್‌ಗಳನ್ನೂ ಸ್ವೀಕೃತವಾದವನ್ನೂ ಬೇರೆ ಬೇರೆ ಸ್ಕೇಲರ್‌ಗಳಲ್ಲಿ, ಅಂದರೆ ಪಲ್ಸ್ ಎಣಿಸುವ ಉಪಕರಣಗಳಲ್ಲಿ, ಎಣಿಸಿ ಹೋಲಿಸುವುದೇ ಮೊದಲ ಪರೀಕ್ಷೆಯಾಗಬೇಕು. ಮೊದಲ ಸ್ಕೇಲರೇ ಕುರುಡು ಅವಧಿಯಲ್ಲಿ ಟ್ರಿಗರ್‌ಗಳನ್ನು ನಿಲ್ಲಿಸುವ ತಡೆಯ ಹಿಂದೆ ಕೂತಿದ್ದರೆ ಡೆಡ್‌ಟೈಮ್ ಸೊನ್ನೆಯೆಂದು ಕಾಣುತ್ತದೆ; ಅಷ್ಟು ಚೆಂದದ ಅಂಕಿ ಬಂದಾಗ ತಂತಿಗಳ ಜಾಡು ಹಿಡಿಯುವುದು ಲೇಸು. ಕೃತಕ ಪಲ್ಸ್ ಕಳಿಸಿ ಎಷ್ಟು ಉಳಿದವೆಂದು ನೋಡುವುದು ಇನ್ನೊಂದು ಉಪಾಯ. ಆ ಪಲ್ಸ್‌ಗಳೂ ಕಿರಣದ ಏರಿಳಿತದಂತೆಯೇ ಹಂಚಿಹೋಗಿರಬೇಕು.

ಎಲ್‌ಎಚ್‌ಸಿ ವೇಗವರ್ಧಕದಲ್ಲಿ 25 ನ್ಯಾನೋಸೆಕೆಂಡಿಗೊಮ್ಮೆ ಕಣಗುಚ್ಛಗಳು ಎದುರಾಗುತ್ತವೆ. ಅಲ್ಲಿ ಅನೇಕ ಉಪವ್ಯವಸ್ಥೆಗಳು ಏಕಕಾಲಕ್ಕೆ ‘ಬಿಜಿ’ ಎನ್ನಬಹುದು. ಅವುಗಳ ಶೇಕಡಾಂಕಗಳನ್ನು ಕೂಡಿಸಿದರೆ ನಿಜಕ್ಕಿಂತ ದೊಡ್ಡ ಮೊತ್ತ ಬರುತ್ತದೆ. ಮೊದಲು ತಡೆದದ್ದು ಯಾವುದೆಂಬ ದಾಖಲೆ ಬೇಕು. 2022ರಲ್ಲಿ ಶುರುವಾದ ಓಟಕ್ಕೆ ಅಲ್ಲಿನ ಎಲ್‌ಎಚ್‌ಸಿಬಿ ಪ್ರಯೋಗ ಹಾರ್ಡ್‌ವೇರ್ ಟ್ರಿಗರನ್ನೇ ಕೈಬಿಟ್ಟಿತು. ಇಂಥ ವ್ಯವಸ್ಥೆಯಲ್ಲಿ ನಷ್ಟವಾಗುವುದಾದರೆ ದತ್ತಾಂಶ ಸರದಿ ಕಾಯುವ, ತುಂಬಿ ತುಳುಕಿದ ಬಫರ್‌ಗಳಲ್ಲಿ, ಹುಡುಕಬೇಕಾದದ್ದೂ ಅಲ್ಲೇ.