ಅಂಕವೂ ಅಭಿಪ್ರಾಯಭೇದವೂ: ವಿಡಿಯೋ ಗೇಮ್ ವಿಮರ್ಶೆಯ ಮೌಲ್ಯಮಾಪನಕ್ರಮವನ್ನು ಕುರಿತ ಒಂದು ವಿಚಾರ

ಕಲಾಕೃತಿಯ ಗುಣದೋಷಗಳನ್ನು ಅಂಕೆಗಳಲ್ಲಿ ನಿರ್ದೇಶಿಸಬೇಕೆಂಬ ಆಸೆ ಗಣಕಯಂತ್ರದ ಯುಗದಲ್ಲಿ ಹುಟ್ಟಿದುದಲ್ಲ. ಫ್ರಾನ್ಸಿನ ಕಲಾವಿಚಾರಕನಾದ ರೋಜೆ ದ ಪೀಲ್ ಎಂಬಾತನು 1708ರಲ್ಲಿ ಪ್ರಕಟಿಸಿದ ಚಿತ್ರಕಲಾತತ್ತ್ವಗ್ರಂಥದ ಕೊನೆಗೆ ‘ಚಿತ್ರಕಾರರ ತಕ್ಕಡಿ’ ಎಂಬ ಹೆಸರಿನ ಪಟ್ಟಿಯೊಂದನ್ನು ಜೋಡಿಸಿ, ಸಂಯೋಜನೆ, ರೇಖೆ, ವರ್ಣ, ಭಾವವ್ಯಂಜನೆ ಎಂಬ ನಾಲ್ಕು ಅಂಗಗಳಲ್ಲಿ ಒಬ್ಬೊಬ್ಬ ಚಿತ್ರಕಾರನಿಗೂ 20ರ ಮಾನದಲ್ಲಿ ಅಂಕಗಳನ್ನು ಕೊಟ್ಟಿದ್ದನು. 20 ಎಂಬುದು ಮನುಷ್ಯಮಾತ್ರರಿಗೆ ನಿಲುಕದ ಪರಿಪೂರ್ಣತೆ, 19 ಎಂಬುದು ಬುದ್ಧಿಗೆ ಗೋಚರವಾದರೂ ಇದುವರೆಗೆ ಯಾರ ಕೈಗೂ ಸಿದ್ಧಿಸದ ಮಟ್ಟ ಎಂದು ಬಗೆದು ಆತನು 18ನ್ನು ಮೀರಿ ಯಾರಿಗೂ ಕೊಡಲಿಲ್ಲ. ರಾಫೆಲ್ ಮತ್ತು ರೂಬೆನ್ಸ್ ಇಬ್ಬರೂ 65ರ ಮೊತ್ತದಿಂದ ಸಮಸಮವಾಗಿ ಅಗ್ರಸ್ಥಾನದಲ್ಲಿ ನಿಂತರು. ಮೈಕೆಲೇಂಜೆಲೊ ವರ್ಣದಲ್ಲಿ 4ನ್ನು ಪಡೆದನು. ಕರವಾಜ್ಜೊವಿಗೆ ಭಾವವ್ಯಂಜನೆಯಲ್ಲಿ ದೊರೆತದ್ದು ಶೂನ್ಯ.

ಆ ಶೂನ್ಯವನ್ನು ಇಂದು ಯಾರೂ ಒಪ್ಪರು. ಆದರೂ ಅದರಿಂದ ಯಾರಿಗೂ ಅನ್ಯಾಯವಾದಂತೆ ತೋರುವುದಿಲ್ಲ. ಏಕೆಂದರೆ ಅದು ದ ಪೀಲನ ಶೂನ್ಯವೆಂಬುದನ್ನೂ, ವರ್ಣದ ಪಕ್ಷಪಾತಿಯಾದ ಒಬ್ಬ ನಿರ್ದಿಷ್ಟ ಪುರುಷನು ನಿರ್ದಿಷ್ಟವಾದೊಂದು ಕಾಲದಲ್ಲಿ ನುಡಿದ ಮಾತೆಂಬುದನ್ನೂ ನಾವು ಕ್ಷಣಮಾತ್ರವೂ ಮರೆಯುವುದಿಲ್ಲ. ವಿಡಿಯೋ ಗೇಮುಗಳಿಗೆ ವಿಮರ್ಶಕರು ಅಂಕವೀಯುವ ಪದ್ಧತಿಯನ್ನು ಪರೀಕ್ಷಿಸುವಾಗ ಕಲೆಯನ್ನು ಅಂಕೆಯಲ್ಲಿ ಅಳೆಯಬಹುದೇ ಎಂಬ ಸವೆದ ಪ್ರಶ್ನೆಯನ್ನು ಬದಿಗಿಟ್ಟು, ಅಂಕವು ಯಾರದು, ಅದರ ಪಕ್ಕದಲ್ಲಿ ಬೇರೆ ಯಾರ ಅಂಕವಿದೆ ಎಂಬುದನ್ನು ಕೇಳುವುದೇ ಹೆಚ್ಚು ಫಲಪ್ರದವೆಂದು ನಮ್ಮ ಅಭಿಪ್ರಾಯ.

ಈ ವಿಮರ್ಶೆಯ ಆರಂಭ ಪತ್ರಿಕೆಗಳಲ್ಲಿ. ಅಮೆರಿಕದ ‘ವಿಡಿಯೋ’ ಎಂಬ ಪತ್ರಿಕೆಯ ‘ಆರ್ಕೇಡ್ ಆಲಿ’ ಅಂಕಣ 1979ರಲ್ಲಿಯೂ, ‘ಎಲೆಕ್ಟ್ರಾನಿಕ್ ಗೇಮ್ಸ್’ ಮತ್ತು ಬ್ರಿಟನ್ನಿನ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ ಎಂಬ ಸ್ವತಂತ್ರ ಪತ್ರಿಕೆಗಳು 1981ರಲ್ಲಿಯೂ ಮೊದಲಾದುವು. ಅಂಕದಾನವು ಒಂದು ಶಾಸ್ತ್ರದ ಗಾಂಭೀರ್ಯವನ್ನು, ತುಸು ಹಾಸ್ಯಾಸ್ಪದವಾದ ಗಾಂಭೀರ್ಯವನ್ನೇ ಎನ್ನೋಣ, ತಳೆದದ್ದು ಇಂಗ್ಲೆಂಡಿನ ಲಡ್ಲೊ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ನ್ಯೂಸ್‌ಫೀಲ್ಡ್ ಸಂಸ್ಥೆಯವರು 1984ರಲ್ಲಿ ಸ್ಪೆಕ್ಟ್ರಂ ಯಂತ್ರದ ಆಟಗಳಿಗಾಗಿ ‘ಕ್ರ್ಯಾಷ್’ ಎಂಬ ಪತ್ರಿಕೆಯನ್ನೂ, ಮರುವರ್ಷ ಕಮೊಡೋರ್ 64 ಯಂತ್ರದ ಆಟಗಳಿಗಾಗಿ ‘ಜ್ಯಾಪ್!64’ ಎಂಬುದನ್ನೂ ಹೊರಡಿಸಿದರು. ‘ಜ್ಯಾಪ್’ ಪತ್ರಿಕೆಯು ಒಂದು ಆಟವನ್ನು ನಿರೂಪಣೆ, ಗ್ರಾಫಿಕ್ಸ್, ಧ್ವನಿ, ಕುಳಿತೊಡನೆ ಸೆಳೆಯುವ ಶಕ್ತಿ, ಬಹುಕಾಲ ಹಿಡಿದಿಡುವ ಶಕ್ತಿ, ಕೊಟ್ಟ ಹಣಕ್ಕೆ ದೊರೆಯುವ ಬೆಲೆ ಎಂದು ವಿಭಾಗಿಸಿ, ಒಂದೊಂದಕ್ಕೂ ಶೇಕಡಾವಾರು ಅಂಕವನ್ನಿತ್ತು, ಕಡೆಯಲ್ಲಿ ಸಮಗ್ರಾಂಕವನ್ನು ಮುದ್ರಿಸುತ್ತಿದ್ದಿತು. ಕ್ಯಾಸೆಟ್ಟುಗಳನ್ನು ಕೊಳ್ಳುವವರು ಬಹುಮಟ್ಟಿಗೆ ಕೈಖರ್ಚಿನ ಹಣವನ್ನು ಕೂಡಿಟ್ಟ ಹುಡುಗರಾಗಿದ್ದ ಕಾಲದಲ್ಲಿ ಹಣದ ಬೆಲೆಗೆ ಪ್ರತ್ಯೇಕ ಕಾಲಮೊಂದು ಇದ್ದುದು ಸಹಜವೇ ಸರಿ. ಆಟವು ಕೃತಿಯಾಗಿರುವಂತೆಯೇ ಯಂತ್ರಸಾಧಿತ ಸರಕೂ ಹೌದಾದುದರಿಂದ, ಅದರ ವಿಮರ್ಶೆಯು ಹುಟ್ಟುವಾಗಲೇ ಅರ್ಧ ರಸವಿಚಾರವೂ ಅರ್ಧ ಸರಕಿನ ಪರೀಕ್ಷೆಯೂ ಆಗಿದ್ದಿತು. ಆ ಇಬ್ಬಗೆ ಇಂದಿಗೂ ಕಳೆದಿಲ್ಲ. ಆದರೆ ಈ ಶತಾಂಶಗಳ ಸುತ್ತ ಎರಡು ಮೂರು ಮಂದಿ ವಿಮರ್ಶಕರ ಬೇರೆ ಬೇರೆ ಮಾತುಗಳು, ಅವರವರ ಮುಖಚಿತ್ರಗಳೊಡನೆ, ಅಚ್ಚಾಗುತ್ತಿದ್ದುವೆಂಬುದನ್ನು ಮರೆಯಲಾಗದು: ಒಬ್ಬನು ನಗುತ್ತಿರುವನು, ಇನ್ನೊಬ್ಬನು ಮುಖ ಸಿಂಡರಿಸಿರುವನು.

ಈ ಬಹುಕಂಠತ್ವವನ್ನು ಅಂಕೆಯೊಳಕ್ಕೇ ತಂದುದು ಜಪಾನಿನ ‘ಫಾಮಿತ್ಸು’ ಪತ್ರಿಕೆ. 1986ರಲ್ಲಿ ಹುಟ್ಟಿದ ಈ ಪತ್ರಿಕೆಯಲ್ಲಿ ಒಂದೊಂದು ಆಟವನ್ನೂ ನಾಲ್ವರು ಆಡಿ, ಒಬ್ಬೊಬ್ಬರೂ ಕೆಲವೇ ಪಂಕ್ತಿಗಳ ಟಿಪ್ಪಣಿಯೊಡನೆ 10ರೊಳಗಿನ ಅಂಕವನ್ನು ಕೊಡುವರು, ನಾಲ್ಕೂ ಅಂಕಗಳು ಸಾಲಾಗಿ ಅಚ್ಚಾಗುವುವು, ಮೊತ್ತ 40. ಮೊದಲ ಬಾರಿ ಪೂರ್ಣಾಂಕವನ್ನು ಪಡೆದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಬಂದುದು 1998ರಲ್ಲಿ, ಎಂದರೆ ಪತ್ರಿಕೆಗೆ ಹನ್ನೆರಡು ವರ್ಷಗಳು ತುಂಬಿದ ಮೇಲೆ. ಜನರು ನೆನಪಿನಲ್ಲಿಟ್ಟುಕೊಳ್ಳುವುದು ಮೊತ್ತವನ್ನೇ ಎಂಬುದು ನಿಜ. ಆದರೂ 9, 9, 6, 8 ಎಂಬ ಸಾಲನ್ನು ಕಂಡ ಓದುಗನು ಆ 6ನ್ನು ಕೊಟ್ಟವರ ಟಿಪ್ಪಣಿಯನ್ನು ಮೊದಲು ಓದದಿರಲಾರನು. ಮತ್ತೆ ಮತ್ತೆ ಓದಿ ನಾಲ್ವರ ರುಚಿಯನ್ನೂ ಬಲ್ಲವನಾದರೆ, ಮೊತ್ತವನ್ನು ಬದಿಗಿಟ್ಟು ತನ್ನ ಮನೋಧರ್ಮಕ್ಕೆ ಒಗ್ಗುವವರ ಅಂಕವನ್ನೇ ಹಿಡಿಯುವನು. ಇಲ್ಲಿ ಅಂಕವು ಮಾತಿನ ಕಡೆಗೆ ಕೈತೋರುತ್ತದೆಯಲ್ಲದೆ ಮಾತನ್ನು ಅಡಗಿಸುವುದಿಲ್ಲ.

2001ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಮೆಟಾಕ್ರಿಟಿಕ್’ ಎಂಬ ಸಂಕಲನಸಂಸ್ಥೆಯು ಈ ಕ್ರಮವನ್ನು ತಿರುವುಮುರುವು ಮಾಡಿತು. ಅನೇಕ ಪತ್ರಿಕೆಗಳು ಕೊಟ್ಟ ಅಂಕಗಳನ್ನು, ಅವು ನಕ್ಷತ್ರಗಳಾಗಿರಲಿ, ಅಕ್ಷರಶ್ರೇಣಿಗಳಾಗಿರಲಿ, 100ರ ಮಾನಕ್ಕೆ ಪರಿವರ್ತಿಸಿ, ಪತ್ರಿಕೆಪತ್ರಿಕೆಗೂ ಬೇರೆಬೇರೆ ತೂಕವನ್ನು ಕಟ್ಟಿ, ಒಂದೇ ಸರಾಸರಿಯನ್ನು ಅದು ಪ್ರಕಟಿಸುತ್ತದೆ; ಯಾವ ಪತ್ರಿಕೆಗೆ ಎಷ್ಟು ತೂಕವೆಂಬುದನ್ನು ಮಾತ್ರ ಹೊರಗೆಡಹುವುದಿಲ್ಲ. ಪರಿವರ್ತನೆಯಲ್ಲಿಯೇ ಒಂದು ವಿಕಾರವುಂಟು. ಐದು ನಕ್ಷತ್ರಗಳಲ್ಲಿ ಮೂರನ್ನು ಕೊಟ್ಟ ವಿಮರ್ಶಕನು ‘ಚೆನ್ನಾಗಿದೆ’ ಎಂದಿರಬಹುದು. ಅದು 60 ಆದೊಡನೆ ಅರ್ಥ ಬೇರೆಯಾಗುತ್ತದೆ. ಅದಕ್ಕಿಂತಲೂ ಸ್ವಾರಸ್ಯವಾದುದು ಆ ಸಂಸ್ಥೆಯ ವರ್ಣವ್ಯವಸ್ಥೆ. ಚಲನಚಿತ್ರಕ್ಕೆ 61ರಿಂದಲೇ ಅನುಕೂಲಾಭಿಪ್ರಾಯದ ಹಸಿರು ಬಣ್ಣ ದೊರೆಯುತ್ತದೆ. ವಿಡಿಯೋ ಗೇಮಿಗಾದರೋ ಹಸಿರು ಹತ್ತಬೇಕಾದರೆ 75 ಬೇಕು. ಚಲನಚಿತ್ರವು 40ಕ್ಕಿಂತ ಕೆಳಗಿಳಿದರೆ ಕೆಂಪು, ಆಟವು 50ಕ್ಕಿಂತ ಕೆಳಗಿಳಿದರೆ ಕೆಂಪು. ಒಂದೇ ಮನೆಯಲ್ಲಿ ಎರಡು ಅಳತೆಗೋಲುಗಳನ್ನಿಟ್ಟುಕೊಂಡಿರುವುದನ್ನು ದೋಷವೆನ್ನುವುದಕ್ಕಿಂತ ತಪ್ಪೊಪ್ಪಿಗೆಯೆನ್ನಬಹುದು: ಆಟದ ವಿಮರ್ಶಕರ ಅಂಕಗಳು ಮೇಲಂತಸ್ತಿನಲ್ಲಿ ಗುಂಪುಗೂಡಿವೆಯೆಂಬುದನ್ನು ಸಂಸ್ಥೆಯೇ ಒಪ್ಪಿಕೊಂಡಂತಾಯಿತು. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ತೇರ್ಗಡೆ, 60ಕ್ಕೆ ಪ್ರಥಮ ದರ್ಜೆ ಎಂದು ಬೆಳೆದ ನಮ್ಮ ಕಡೆಯ ಓದುಗನಿಗೆ 60 ಅಂಕದ ಆಟವನ್ನು ಜನರು ಕೈಯಲ್ಲಿ ಮುಟ್ಟದೆ ಬಿಡುವುದು ವಿಚಿತ್ರವಾಗಿಯೇ ತೋರೀತು.

ಈ ಗುಂಪುಗೂಡುವಿಕೆಗೆ ಕಾರಣಗಳು ಹಲವು. ಪತ್ರಿಕೆಗಳು ವಿಮರ್ಶೆಗೆ ಆಯ್ದುಕೊಳ್ಳುವುದೇ ಹೆಸರಾಂತ ಆಟಗಳನ್ನಾದುದರಿಂದ ಕಳಪೆ ಸರಕು ಆ ಮೆಟ್ಟಿಲನ್ನು ಹತ್ತುವುದೇ ವಿರಳ. ಅಮೆರಿಕದ ಶಾಲೆಗಳ ಅಂಕಪದ್ಧತಿಯಲ್ಲಿ ಸಾಧಾರಣ ವಿದ್ಯಾರ್ಥಿಯ ಸ್ಥಾನ 70ರ ಆಸುಪಾಸಿನಲ್ಲಿರುವುದರಿಂದ ಅಲ್ಲಿಯ ಬರೆಹಗಾರರ ಕೈಗೆ ಆ ರೂಢಿಯೂ ಅಂಟಿದೆ. ಜಾಹೀರಾತಿನ ಒತ್ತಡವು ಊಹೆಯ ಮಾತಲ್ಲ. ‘ಗೇಮ್‌ಸ್ಪಾಟ್’ ಎಂಬ ಜಾಲತಾಣದಲ್ಲಿ ವಿಮರ್ಶಕರಾಗಿದ್ದ ಜೆಫ್ ಗರ್ಸ್ಟ್‌ಮನ್ ಅವರು 2007ರಲ್ಲಿ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ 6 ಅಂಕವಿತ್ತ ಸ್ವಲ್ಪ ಕಾಲದಲ್ಲಿಯೇ ಕೆಲಸದಿಂದ ತೆಗೆಯಲ್ಪಟ್ಟರು. ಆ ಸಮಯದಲ್ಲಿ ಅದೇ ಆಟದ ಜಾಹೀರಾತು ಆ ತಾಣದ ಪುಟಗಳನ್ನು ತುಂಬಿದ್ದಿತು. ಮಾತನಾಡಲು ಇದ್ದ ನಿರ್ಬಂಧ 2012ರಲ್ಲಿ ಕಳೆದ ಬಳಿಕ ಜಾಹೀರಾತುದಾರರ ಒತ್ತಡವೇ ಕಾರಣವೆಂದು ಅವರೇ ತಿಳಿಸಿದರು.

ಸರಾಸರಿಯು ವಿಮರ್ಶೆಯ ಎಲ್ಲೆಯನ್ನು ದಾಟಿ ವ್ಯವಹಾರಕ್ಕಿಳಿದ ಬಗೆಯನ್ನು ಕಾಣಬೇಕಾದರೆ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟದ ಪ್ರಸಂಗವನ್ನು ನೋಡಬೇಕು. 2010ರಲ್ಲಿ ಬಂದ ಇದನ್ನು ನಿರ್ಮಿಸಿದವರು ಆಬ್ಸಿಡಿಯನ್ ಸಂಸ್ಥೆಯವರು, ಪ್ರಕಟಿಸಿದವರು ಬೆಥೆಸ್ಡಾದವರು. ಮೆಟಾಕ್ರಿಟಿಕ್ ಸರಾಸರಿಯು 85ನ್ನು ಮುಟ್ಟಿದರೆ ಮಾತ್ರ ಹೆಚ್ಚಿನ ಹಣವೆಂಬ ಕರಾರಿದ್ದಿತೆಂದೂ, ಅದು ಒಂದಂಕದಿಂದ ತಪ್ಪಿತೆಂದೂ ಆಬ್ಸಿಡಿಯನ್ನಿನ ಕ್ರಿಸ್ ಅವೆಲೋನ್ ಅವರು 2012ರಲ್ಲಿ ಬಹಿರಂಗಪಡಿಸಿದರು. ಸರಾಸರಿ ನಿಂತದ್ದು 84ಕ್ಕೆ. ಎಲ್ಲೋ ಒಂದು ಪತ್ರಿಕೆಯ ಮೂಲೆಯಲ್ಲಿ ಕುಳಿತು, 8 ಕೊಡಲೇ 8.5 ಕೊಡಲೇ ಎಂದು ತೂಗಾಡಿದ ವಿಮರ್ಶಕನಿಗೆ ತನ್ನ ಅರ್ಧ ಅಂಕದಲ್ಲಿ ನಿರ್ಮಾಪಕರ ಸಂಭಾವನೆ ಅಡಗಿದೆಯೆಂಬುದು ಹೇಗೆ ತಿಳಿದೀತು? ತಿಳಿದರಾದರೂ ಅವನು ಏನು ಮಾಡಬೇಕು? ತಿಳಿದು ಕರುಣೆಯಿಂದ ಅಂಕವೇರಿಸಿದರೆ ಓದುಗನಿಗೆ ದ್ರೋಹ, ಏರಿಸದಿದ್ದರೆ ತಾನು ಎಂದೂ ಸಹಿ ಹಾಕದ ಕರಾರಿಗೆ ತಾನೇ ತೀರ್ಪುಗಾರ.

ಇನ್ನೊಂದು ತೊಡಕು ಈ ಕಲೆಗೇ ವಿಶಿಷ್ಟವಾದುದು. ಗ್ರಂಥವು ಅಚ್ಚಾದ ಮೇಲೆ ಸ್ಥಿರ. ಆಟವು ಬಿಡುಗಡೆಯಾದ ಮೇಲೂ ಬದಲಾಗುತ್ತಿರುತ್ತದೆ. 2013ರಲ್ಲಿ ‘ಸಿಮ್‌ಸಿಟಿ’ ಎಂಬ ನಗರನಿರ್ಮಾಣದ ಆಟಕ್ಕೆ ‘ಪಾಲಿಗಾನ್’ ಪತ್ರಿಕೆ ಮೊದಲು 9.5 ಕೊಟ್ಟಿತು, ಬಿಡುಗಡೆಯ ದಿನದಿಂದ ಸರ್ವರುಗಳು ಜನರ ನೂಕುನುಗ್ಗಲನ್ನು ತಾಳಲಾರದೆ ಕುಸಿದಾಗ ಅಂಕವು 8ಕ್ಕೂ, ಬಳಿಕ 4ಕ್ಕೂ ಇಳಿದು, ಪರಿಸ್ಥಿತಿ ಸುಧಾರಿಸಿದ ಮೇಲೆ 6.5ಕ್ಕೆ ಏರಿತು. ಇದನ್ನು ಚಾಂಚಲ್ಯವೆಂದು ಹಾಸ್ಯ ಮಾಡಿದವರುಂಟು. ನಮಗಾದರೋ ಇದು ಪ್ರಾಮಾಣಿಕತೆಯೆಂದೇ ತೋರುತ್ತದೆ, ಏಕೆಂದರೆ ಬದಲಾದುದು ವಿಮರ್ಶಕನ ಮನಸ್ಸಲ್ಲ, ಆತನ ಮುಂದಿದ್ದ ವಸ್ತು. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ರ ಸಂದರ್ಭದಲ್ಲಿ ಬಿಡುಗಡೆಗೆ ಮುನ್ನ ವಿಮರ್ಶಕರ ಕೈ ಸೇರಿದುದು ಕಂಪ್ಯೂಟರಿನ ಆವೃತ್ತಿ ಮಾತ್ರ. ಇಂದು ಆ ಆವೃತ್ತಿಯ ಸರಾಸರಿ 86. ಜನಸಾಮಾನ್ಯರ ಮನೆಯಲ್ಲಿದ್ದ ಪ್ಲೇಸ್ಟೇಷನ್ 4ರ ಆವೃತ್ತಿಯದು 57. ಅದೇ ತಿಂಗಳಲ್ಲಿ ಸೋನಿ ಕಂಪನಿಯು ಆಟವನ್ನು ತನ್ನ ಮಳಿಗೆಯಿಂದ ತೆಗೆದುಹಾಕಬೇಕಾಯಿತು.

ನಮ್ಮ ಪ್ರತಿಪಾದನೆಗೆ ಅತ್ಯಂತ ಸಮರ್ಪಕವಾದ ನಿದರ್ಶನ 2019ರಲ್ಲಿ ಹಿಡೆಯೊ ಕೊಜಿಮಾ ಅವರು ರಚಿಸಿದ ‘ಡೆತ್ ಸ್ಟ್ರಾಂಡಿಂಗ್’. ಇದರ ನಾಯಕನು ಹೊರೆಯಾಳು. ಪ್ರಳಯಾನಂತರದ ಪಾಳುನೆಲದಲ್ಲಿ ಬೆನ್ನ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಕೊಂಡು, ಜಾರುವ ಕಲ್ಲುಗಳ ಮೇಲೆ ಸಮತೋಲ ಕಾಯ್ದುಕೊಳ್ಳುತ್ತ, ತೊರೆಗಳನ್ನು ದಾಟುತ್ತ, ಚದರಿಹೋದ ಊರುಗಳಿಗೆ ಸಾಮಾನು ತಲುಪಿಸುವುದೇ ಆಟದ ಬಹುಭಾಗ. ಜಪಾನಿನ ಫಾಮಿತ್ಸು ಇದಕ್ಕೆ 40ಕ್ಕೆ 40 ಕೊಟ್ಟಿತು. ಅಮೆರಿಕದ ‘ಐಜಿಎನ್’ 10ಕ್ಕೆ 6.8 ಕೊಟ್ಟಿತು. ಮೆಟಾಕ್ರಿಟಿಕ್ ಸರಾಸರಿ 82. ಈಗ ಈ 82 ಎಂಬುದು ಯಾರ ಅಭಿಪ್ರಾಯ? ಆ ನಡಿಗೆಯ ದೀರ್ಘಶ್ರಮದಲ್ಲಿ ಏಕಾಂತದ ರಸವನ್ನು ಕಂಡವನದೂ ಅಲ್ಲ, ಅದನ್ನು ಬೇಸರದ ಕೂಲಿಯೆಂದು ಬಗೆದವನದೂ ಅಲ್ಲ; ಅವರಿಬ್ಬರೂ ಒಪ್ಪದ ಮೂರನೆಯ ಮಾತೊಂದನ್ನು ಗಣಿತವು ಅವರ ಬಾಯಲ್ಲಿ ಆಡಿಸಿದೆ. ಹತ್ತು ಮಂದಿ ಒಬ್ಬೊಬ್ಬರೂ 8 ಕೊಟ್ಟ ಆಟಕ್ಕೂ, ಐವರು 10 ಕೊಟ್ಟು ಐವರು 6 ಕೊಟ್ಟ ಆಟಕ್ಕೂ ಸರಾಸರಿ ಒಂದೇ. ಆದರೆ ಮೊದಲನೆಯದು ಯಾರ ನಿದ್ದೆಯನ್ನೂ ಕೆಡಿಸದ ನಯಗಾರಿಕೆಯ ಕೆಲಸವಾಗಿರಬಹುದು, ಎರಡನೆಯದು ರಸಿಕರನ್ನು ಇಬ್ಭಾಗ ಮಾಡಿದ ಸಾಹಸ. ಓದುಗನಿಗೆ ಬೇಕಾದುದು ಈ ವ್ಯತ್ಯಾಸವೇ. ಸರಾಸರಿಯಲ್ಲಿ ಮೊದಲು ಕರಗಿಹೋಗುವುದೂ ಅದೇ.

ಈ ಸಂದರ್ಭದಲ್ಲಿ ಭರತನ ನಾಟ್ಯಶಾಸ್ತ್ರದಲ್ಲಿ ಸಿದ್ಧಿಲಕ್ಷಣವನ್ನು ಹೇಳುವ ಅಧ್ಯಾಯ ನೆನಪಿಗೆ ಬಾರದಿರದು. ಪ್ರಯೋಗದ ಜಯಾಪಜಯಗಳನ್ನು ನಿರ್ಣಯಿಸಿ ಪತಾಕೆಯನ್ನು ಕೊಡುವ ಸ್ಪರ್ಧೆಗಳು ಅಂದೂ ಇದ್ದುವು. ಅದಕ್ಕಾಗಿ ಪ್ರಾಶ್ನಿಕರೆಂಬ ಪರೀಕ್ಷಕರನ್ನು ಆ ಗ್ರಂಥ ಹೇಳುತ್ತದೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಧನುರ್ವಿದ್ಯೆಯನ್ನು ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ: ಇವರು ಒಬ್ಬೊಬ್ಬರೂ ತಾವು ಬಲ್ಲ ಅಂಗದಲ್ಲಿ ಮಾತ್ರ ಪ್ರಮಾಣ. ಬಿಲ್ಲು ಹಿಡಿದ ನಿಲುವಿನ ಸೌಷ್ಠವವನ್ನು ವೈಯಾಕರಣನು ನಿರ್ಣಯಿಸತಕ್ಕದ್ದಲ್ಲ. ನಾಟ್ಯದಂತೆಯೇ ವಿಡಿಯೋ ಗೇಮೂ ಚಿತ್ರ, ಸಂಗೀತ, ಕಥೆ, ಕೈಚಳಕ, ಯಂತ್ರಕೌಶಲ ಇವುಗಳ ಸಂಕರವಾದುದರಿಂದ, ಒಬ್ಬನೇ ವಿಮರ್ಶಕನು, ಅದೂ ಹಲವು ಹತ್ತು ಗಂಟೆಗಳ ಆಟವನ್ನು ಬಿಡುಗಡೆಯ ಗಡುವಿನೊಳಗೆ ಆಡಿ ಮುಗಿಸಬೇಕಾದವನು, ಎಲ್ಲ ಅಂಗಗಳಿಗೂ ಪ್ರಾಶ್ನಿಕನಾಗುವುದು ದುಸ್ಸಾಧ್ಯ. ಬೆಂಗಳೂರಿನಲ್ಲಿದ್ದ ‘ಧ್ರುವ ಇಂಟರಾಕ್ಟಿವ್’ನಂತಹ ಸಂಸ್ಥೆಗಳ ಚಿತ್ರಕಾರರು ಹೊರದೇಶದ ಹೆಸರಾಂತ ಆಟಗಳಿಗೆ ರಚಿಸಿಕೊಟ್ಟ ರೂಪಗಳೂ ‘ಗ್ರಾಫಿಕ್ಸ್ ಉತ್ತಮವಾಗಿದೆ’ ಎಂಬ ಒಂದು ವಾಕ್ಯದಲ್ಲಿ ಹೆಸರಿಲ್ಲದೆ ಅಡಗಿಬಿಡುತ್ತವೆ.

ಅಂಕವನ್ನೇ ತೊರೆದವರೂ ಉಂಟು. ಬ್ರಿಟನ್ನಿನ ‘ಯೂರೋಗೇಮರ್’ 2015ರಲ್ಲಿಯೂ, ‘ಪಾಲಿಗಾನ್’ 2018ರಲ್ಲಿಯೂ ಅಂಕದಾನವನ್ನು ನಿಲ್ಲಿಸಿದುವು. ಆದರೆ ವಿಮರ್ಶಕರು ತೆರವು ಮಾಡಿದ ಸ್ಥಳವನ್ನು ಬಳಕೆದಾರರ ಅಂಕ ಬಂದು ತುಂಬಿತು. ‘ಸ್ಟೀಮ್’ ಮಳಿಗೆಯಲ್ಲಿ ಕೊಂಡವನು ಶಿಫಾರಸು ಮಾಡುವೆನು ಅಥವಾ ಮಾಡೆನು ಎಂದಿಷ್ಟೇ ಹೇಳಬಹುದು. ಅಲ್ಲಿ 95 ಎಂದರೆ ಆಟವು ನೂರಕ್ಕೆ ತೊಂಬತ್ತೈದರಷ್ಟು ಉತ್ತಮವೆಂದಲ್ಲ, ನೂರರಲ್ಲಿ ತೊಂಬತ್ತೈದು ಮಂದಿಗೆ ಅದು ಸಮ್ಮತವೆಂದು ಮಾತ್ರ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ 2020ರಲ್ಲಿ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ, ಆಡಿ ಮುಗಿಸುವುದಕ್ಕೆ ಸಾಕಷ್ಟು ಸಮಯವೇ ಕಳೆದಿರದಾಗ, ಮೆಟಾಕ್ರಿಟಿಕ್‌ನಲ್ಲಿ ರೋಷದ ಸೊನ್ನೆಗಳ ಸುರಿಮಳೆಯಾಯಿತು. ಆ ಬಳಿಕ ಬಳಕೆದಾರರು ಅಂಕ ಕೊಡಲು 36 ಗಂಟೆ ಕಾಯಬೇಕೆಂಬ ನಿಯಮವನ್ನು ಆ ಸಂಸ್ಥೆ ತಂದಿತು. ಯೂರೋಗೇಮರ್ 2023ರಲ್ಲಿ ಐದು ನಕ್ಷತ್ರಗಳ ರೂಪದಲ್ಲಿ ಅಂಕಕ್ಕೆ ಹಿಂದಿರುಗಿತು. ಹಿಂದಿರುಗಿದುದು ಸರಿಯೆಂದೇ ನಮ್ಮ ಎಣಿಕೆ: ತಾರತಮ್ಯವನ್ನು ಹೇಳುವುದು ವಿಮರ್ಶಕನ ಕರ್ತವ್ಯಗಳಲ್ಲೊಂದು, ಸಹಿಯೊಡನೆ ಹೇಳಿದಾಗ ಅಂಕೆಯಲ್ಲಿ ಹೇಳಿದರೂ ಅದಕ್ಕೆ ಕುಂದಿಲ್ಲ.

ಸರಾಸರಿಯ ಬದಲು ಅಂಕಗಳ ಹರವನ್ನೇ ಮುಂದಿಟ್ಟರೆ ಸಾಲದೇ ಎಂದು ಕೇಳಬಹುದು. ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಮಿಶ್ರಾಭಿಪ್ರಾಯ ಕೊಟ್ಟರು, ಎಷ್ಟು ಮಂದಿ ತೆಗಳಿದರು ಎಂಬ ಲೆಕ್ಕ ಮೆಟಾಕ್ರಿಟಿಕ್ ಪುಟದಲ್ಲಿ ಈಗಲೂ ಇದೆ. ದೊಡ್ಡ ಚೌಕದೊಳಗಿನ ಸರಾಸರಿಯ ಮಗ್ಗುಲಲ್ಲಿ ಸಣ್ಣ ಗೆರೆಗಳಾಗಿ ಇದೆ. ಅದನ್ನು ದೊಡ್ಡದಾಗಿಸಿ ಸರಾಸರಿಯನ್ನು ಸಣ್ಣದಾಗಿಸುವುದಕ್ಕೆ ತಾಂತ್ರಿಕವಾದ ಅಡ್ಡಿ ಏನೂ ಇಲ್ಲ. ಆದರೆ ಹರವನ್ನು ಹಿಡಿದು ಕರಾರು ಬರೆಯಲಾಗುವುದಿಲ್ಲ. ಕರಾರಿಗೆ 85ರಂತಹ ಒಂದೇ ಗೆರೆ ಬೇಕು.